ಅಪ್ಪನ ಸರದಿ

ನಮ್ಮಪ್ಪ ತೆಗೆದ ಫೋಟೋಗಳಲ್ಲಿ ನಮ್ಮಪ್ಪ ಇರುತ್ತಿರಲಿಲ್ಲ. ಕ್ಯಾಮೆರಾ ಹಿಡಿದವರು ಅವರೇ ಆದಮೇಲೆ ಇನ್ನೆಲ್ಲಿಂದ ಬರಬೇಕು? ಅಮ್ಮ ಸಂಡಿಗೆ ಒಣಹಾಕುತ್ತಿರುವುದು, ಕ್ವಾರ್ಟರ್ಸಿನ ಹಿಂದಿನ ನುಗ್ಗೆಮರ, ಭೀಮಿಲಿಯ ಕಡಲದಂಡೆಯಲ್ಲಿ ನಾನು ಮುಖ ಗಂಟಿಕ್ಕಿಕೊಂಡು ನಿಂತಿರುವುದು, ಹೊಸ ಕುಕ್ಕರು, ಆ ಕುಕ್ಕರು ಬಂದ ಖಾಲಿ ಡಬ್ಬ, ಎಲ್ಲವೂ ಇದ್ದವು. ಅಪ್ಪ ಇದ್ದದ್ದು ಒಂದೇ ಒಂದರಲ್ಲಿ. ಅದನ್ನು ತೆಗೆದವಳು ನಾನು. ಅದನ್ನು ಕಳೆದವಳೂ ನಾನೇ.

ನಮ್ಮದು ತಿಪಟೂರಿನ ಕಡೆ. ಅಪ್ಪ ವಿಶಾಖಪಟ್ಟಣದ ಉಕ್ಕಿನ ಪ್ಲಾಂಟಿಗೆ ಎಂಜಿನಿಯರಾಗಿ ಬಂದದ್ದು ನಾನು ಹುಟ್ಟುವುದಕ್ಕೂ ಮೊದಲು. ನಾನು ಬೆಳೆದದ್ದೆಲ್ಲ ಟೌನ್‌ಶಿಪ್ಪಿನಲ್ಲಿ. ಶಾಲೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನನಗೆ ಸಿಟ್ಟು ಬರುವುದು ಸ್ವಲ್ಪ ಜಾಸ್ತಿಯೇ, ಈಗಲೂ.

ಮನೆಗೆ ಕಂಪ್ಯೂಟರ್ ಬಂದ ಹೊಸತರಲ್ಲಿ ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟರೆ ಪರದೆಯ ಮೇಲೆ ಬಣ್ಣಬಣ್ಣದ ಪೈಪುಗಳು ಮೂಡಿ ಅಡ್ಡಾದಿಡ್ಡಿ ಓಡುತ್ತಿದ್ದವು. ನನಗೆ ಅದು ಇಷ್ಟ. ಅಪ್ಪನಿಗೆ ಕಂಡರಾಗದು. ದಿನವಿಡೀ ಪ್ಲಾಂಟಿನಲ್ಲಿ ಪೈಪು ನೋಡಿ ಸಾಕಾಗಿದೆ, ಮನೆಗೆ ಬಂದರೂ ಪೈಪೇನಾ ಅಂತ ಗೊಣಗುತ್ತಿದ್ದರು. ಆಮೇಲೆ ಡಿಜಿಟಲ್ ಕ್ಯಾಮೆರಾ ತಂದರು. ಅದರ ಕಾರ್ಡಿನಲ್ಲಿ ಹಿಡಿಯುತ್ತಿದ್ದದ್ದು ಮೂವತ್ತೋ ನಲವತ್ತೋ ಫೋಟೋ. ತುಂಬಿದ ಕೂಡಲೇ ಕಂಪ್ಯೂಟರಿಗೆ ಇಳಿಸಿ ಕಾರ್ಡು ಖಾಲಿ ಮಾಡಬೇಕು. ಒಂದು ಭಾನುವಾರ ಅಪ್ಪನಿಗೆ ಆ ಪೈಪಿನಂಥ ಸ್ಕ್ರೀನ್‌ಸೇವರುಗಳ ಪಟ್ಟಿಯಲ್ಲಿ, ನಮ್ಮದೇ ಫೋಟೋಗಳನ್ನು ಒಂದಾದಮೇಲೊಂದು ತೋರಿಸುವಂಥದ್ದು ಕಣ್ಣಿಗೆ ಬಿತ್ತು. ಅಷ್ಟೇ, ಆ ಭಾನುವಾರ ಮುಗಿಯಿತು. ಐದು ನಿಮಿಷ ಮುಟ್ಟದಿದ್ದರೆ ಶುರುವಾಗಬೇಕು, ಒಂದೊಂದು ಫೋಟೋ ಅರ್ಧ ನಿಮಿಷ ನಿಲ್ಲಬೇಕು, ಪರದೆ ಪೂರ್ತಿ ತುಂಬಬೇಕು. ಬದಲಾಯಿಸುವುದು, ಕೈಕಟ್ಟಿ ಐದು ನಿಮಿಷ ಕೂರುವುದು, ಮತ್ತೆ ಬದಲಾಯಿಸುವುದು. ಅನ್ನ ಆರಿಹೋಯಿತು ಅಂತ ಅಮ್ಮ ಮೂರು ಸಲ ಕರೆದಳು. ಮಾಡಲು ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ ಅಂತಲೂ ಅಂದಳು.

ಫೋಟೋಗಳು ಬರುತ್ತಿದ್ದ ಕ್ರಮಕ್ಕೆ ತಲೆಬುಡ ಇರಲಿಲ್ಲ. ಸಂಡಿಗೆ ಆದಮೇಲೆ ಕಡಲು, ಕಡಲಾದ ಮೇಲೆ ಕುಕ್ಕರು. ನಡುವೆ ಒಂದು ಪೂರ್ತಿ ಕಪ್ಪು ಫೋಟೋ ಬರುತ್ತಿತ್ತು. ಅರಕು ಕಣಿವೆಗೆ ರೈಲಿನಲ್ಲಿ ಹೋದಾಗ ಸುರಂಗದೊಳಗೆ ಅಪ್ಪ ತೆಗೆದದ್ದು. ಅದರಲ್ಲಿ ಏನೂ ಕಾಣುವುದಿಲ್ಲ, ಅಳಿಸಿಬಿಡಿ ಅಂದರೆ ಒಪ್ಪಲೇ ಇಲ್ಲ, ಸುರಂಗ ಅಂದರೆ ಕತ್ತಲೆಯೇ ಅಲ್ಲವೇನಮ್ಮ, ಸರಿಯಾಗೇ ಬಂದಿದೆ ಅನ್ನುತ್ತಿದ್ದರು. ಅದು ಬಂದಾಗಲೆಲ್ಲ ಅಮ್ಮ ಕರೆಂಟು ಹೋಯಿತು ಅಂತ ಫ್ಯಾನ್ ಕಡೆ ನೋಡುತ್ತಿದ್ದಳು. ಆಮೇಲಾಮೇಲೆ ಅವಳಿಗೂ ರೂಢಿಯಾಯಿತು. ಸುರಂಗ ಬಂತು, ಇನ್ನೇನು ಮುಗಿಯುತ್ತೆ ಅನ್ನುತ್ತಿದ್ದಳು.

ಅದೇ ಅರಕು ಪ್ರಯಾಣದಲ್ಲಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದ ಅಪ್ಪನ ಫೋಟೋ ನಾನು ತೆಗೆದೆ. ಲೆನ್ಸಿನ ಮೇಲಿಂದ ಬೆರಳು ತೆಗಿ ಅಂತ ಹೇಳಲು ಹೊರಟ ಬಾಯಿ ಅರ್ಧ ತೆರೆದಿತ್ತು, ಒಂದು ಕಣ್ಣು ಅರ್ಧ ಮುಚ್ಚಿತ್ತು, ಕೈ ನನ್ನ ಕಡೆ ಚಾಚಿತ್ತು. ಮೂಲೆಯಲ್ಲಿ ನನ್ನ ಬೆರಳು ಕೆಂಪಗೆ ಮಸುಕಾಗಿ ಬಂದಿತ್ತು. ದರಿದ್ರ ಫೋಟೋ, ಅಳಿಸು ಅಂದರು ಅಪ್ಪ. ನಾನು ಬೇಕಂತಲೇ ಉಳಿಸಿಕೊಂಡೆ. ಮನೆಗೆ ನೆಂಟರು ಬಂದಾಗ ಅದು ಬಂದರೆ ಮಜಾ ಇರುತ್ತೆ ಅಂತ.

ಅದಾಗಿ ಎರಡು ವರ್ಷವಾಗಿರಬೇಕು. ಒಂದು ಮಧ್ಯಾಹ್ನ ಬಿ ಶಿಫ್ಟಿಗೆ ಹೋದ ಅಪ್ಪ ಕೆಲಸದ ಜಾಗದಲ್ಲೇ ಕುಸಿದರಂತೆ. ಹೃದಯ. ನಾವು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಅವರ ಬುತ್ತಿ ಡಬ್ಬಿ ಮಾತ್ರ ತೆರೆಯದೆ ವಾಪಸ್ಸು ಬಂತು.

ಗೋಡೆಗೆ ಹಾಕಲು ತಕ್ಕ ಫೋಟೋ ಬೇರೆ ಸಿಗದೆ ಪ್ಲಾಂಟಿನ ಐಡಿ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದೆವು. ಅಮ್ಮ ಅದರ ಮುಂದೆ ದೀಪ ಹಚ್ಚುತ್ತಿದ್ದಳು, ಮುಖ ಮಾತ್ರ ನೋಡುತ್ತಿರಲಿಲ್ಲ. ಇದು ಸಾಹೇಬರ ಮುಂದೆ ನಿಂತ ಮುಖ, ನಮ್ಮನೇಲಿ ಇದ್ದ ಮುಖ ಅಲ್ಲ ಅಂತ ಒಂದು ಸಲ ಅಂದಳು. ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ, ಯಾರೋ ಹಚ್ಚಿಟ್ಟು ಹೋಗಿದ್ದ ಕಂಪ್ಯೂಟರಿನಲ್ಲಿ ತಂತಾನೇ ಫೋಟೋಗಳು ಶುರುವಾದವು. ಅಮ್ಮ ಲೋಟ ತೊಳೆದು ಒಳಗೆ ಬರುವುದಕ್ಕೂ ಬೆಂಚಿನ ಮೇಲಿನ ಅಪ್ಪ ಬರುವುದಕ್ಕೂ ಸರಿಹೋಯಿತು. ಕೈ ಚಾಚಿ ಏನೋ ಹೇಳಲು ಹೊರಟಿದ್ದರು. ಅಮ್ಮ ಅಲ್ಲೇ ನಿಂತುಬಿಟ್ಟಳು. ಅರ್ಧ ನಿಮಿಷವಾದ ಮೇಲೆ ಕುಕ್ಕರು ಬಂತು.

ಅವತ್ತಿನಿಂದ ಅದೊಂದು ನೇಮವಾಯಿತು. ಮಧ್ಯಾಹ್ನದ ಕೆಲಸ ಮುಗಿಸಿ ಅಮ್ಮ ಕಂಪ್ಯೂಟರಿನ ಮುಂದೆ ಕುರ್ಚಿ ಹಾಕಿಕೊಳ್ಳುತ್ತಿದ್ದಳು. ಇನ್ನೂರಕ್ಕೂ ಮೇಲೆ ಫೋಟೋಗಳು, ಅಪ್ಪನ ಸರದಿ ಯಾವಾಗ ಅಂತ ಗೊತ್ತಿಲ್ಲ. ಮೌಸಿಗೆ ಚೂರು ಕೈ ತಗುಲಿದರೂ ಎಲ್ಲ ಮಾಯವಾಗಿ ಮತ್ತೆ ಮೊದಲಿಂದ ಕಾಯಬೇಕು. ಅದಕ್ಕೆ ಒಂದು ಸ್ಟೀಲಿನ ಮಜ್ಜಿಗೆ ಬಟ್ಟಲನ್ನು ಮೌಸಿನ ಮೇಲೆ ಬೋರಲು ಹಾಕಿಡುತ್ತಿದ್ದಳು. ಆ ಫೋಟೋ ಒಂದನ್ನೇ ತೆಗೆದು ತೋರಿಸುತ್ತೇನೆ, ಬೇಕಾದಷ್ಟು ಹೊತ್ತು ನೋಡು ಅಂತ ನಾನು ಹೇಳಿ ಸಾಕಾದೆ. ಬೇಡ ಅನ್ನುತ್ತಿದ್ದಳು. ನಾವು ಕರೆದಾಗ ಬರೋದು ಬೇರೆ, ಅವರಾಗೇ ಬರೋದು ಬೇರೆ ಅಂತ ಅವಳ ವಾದ. ನನಗೆ ಅರ್ಥವಾಗಲಿಲ್ಲ, ರೇಗುತ್ತಿತ್ತು. ಒಂದು ಪ್ರಿಂಟು ಹಾಕಿಸೋಣ ಅಂತಲೂ ಅನ್ನುತ್ತಿದ್ದೆ. ಹಾಕಿಸಲಿಲ್ಲ.

ಕ್ವಾರ್ಟರ್ಸ್ ಬಿಡಬೇಕಾಗಿ ಬಂತು. ಅಷ್ಟರಲ್ಲಿ ನನಗೆ ವಿಜಯವಾಡದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಸಾಮಾನೆಲ್ಲ ಲಾರಿಗೆ ಹಾಕಿದೆವು, ಕಂಪ್ಯೂಟರ್ ಮಾತ್ರ ಅಮ್ಮ ಲಾರಿಗೆ ಕೊಡಲಿಲ್ಲ. ದುವ್ವಾಡದಲ್ಲಿ ರೈಲು ಹತ್ತಿದಾಗ ಮಾನಿಟರ್ ನನ್ನ ಕಾಲಡಿ, ಸಿಪಿಯು ದುಪ್ಪಟಿ ಸುತ್ತಿಕೊಂಡು ಅಮ್ಮನ ತೊಡೆಯ ಮೇಲೆ. ಅದೇನಮ್ಮ ಅಂತ ಟಿಕೆಟ್ ಕಲೆಕ್ಟರ್ ಕೇಳಿದ್ದಕ್ಕೆ, ನಮ್ಮ ಯಜಮಾನರದ್ದು ಅಂತ ತೆಲುಗಿನಲ್ಲಿ ಹೇಳಿದಳು. ಆತ ಇನ್ನೇನೂ ಕೇಳದೆ ಮುಂದೆ ಹೋದ.

ವಿಜಯವಾಡದ ಬೇಸಿಗೆ ಏನು ಅಂತ ಅಲ್ಲಿ ಮಹಡಿ ಮನೆಯಲ್ಲಿ ಬಾಡಿಗೆಗೆ ಇದ್ದವರನ್ನೇ ಕೇಳಬೇಕು. ಅದರ ಮೇಲೆ ಕರೆಂಟು ಬೇರೆ ಹೊತ್ತಲ್ಲದ ಹೊತ್ತಿನಲ್ಲಿ ಹೋಗುತ್ತಿತ್ತು. ಇಲ್ಲೇ ಪಕ್ಕದಲ್ಲಿ ಇಬ್ರಾಹಿಂಪಟ್ನಂನಲ್ಲಿ ಕರೆಂಟು ತಯಾರು ಮಾಡ್ತಾರಂತೆ, ನಮಗೆ ಕೊಡೋಕೆ ಏನು ರೋಗ ಅಂತ ಅಮ್ಮ ಬೈಯುತ್ತಿದ್ದದ್ದು ಸೆಖೆಗಲ್ಲ. ಅಪ್ಪನ ಸರದಿ ಹತ್ತಿರ ಬಂದಿತ್ತೇನೋ ಅನ್ನುವ ಹೊಟ್ಟೆಯುರಿಗೆ.

ಆ ಕಂಪ್ಯೂಟರಿಗೆ ವೈರಸ್ ಹತ್ತಿಸಿದವಳು ನಾನೇ. ಲ್ಯಾಬಿನಿಂದ ಪೆನ್‌ಡ್ರೈವ್‌ನಲ್ಲಿ ಹಾಡು ತಂದು ಹಾಕಿಕೊಂಡೆ. ಮಾರನೇ ದಿನದಿಂದ ಅದು ತಾನಾಗಿಯೇ ಆರುವುದು, ತಾನಾಗಿಯೇ ಹೊತ್ತುವುದು ಶುರುವಾಯಿತು. ನಮ್ಮ ಬೀದಿಯಲ್ಲೇ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಒಬ್ಬರು ಮನೆಗೆ ಬಂದರು. ಐವತ್ತು ದಾಟಿದ ಮನುಷ್ಯ, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು. ನೋಡಿದವರೇ, ಸಿ ಡ್ರೈವ್ ಪೂರ್ತಿ ಅಳಿಸಿ ಫಾರ್ಮ್ಯಾಟ್ ಮಾಡದೆ ಬೇರೆ ದಾರಿಯಿಲ್ಲ, ಅದರಲ್ಲಿ ಬೇಕಾದ್ದು ಏನಾದರೂ ಇದೆಯೇನಮ್ಮ ಅಂತ ಕೇಳಿದರು.

ಇಲ್ಲಿ ಒಂದು ಮಾತು ಹೇಳಬೇಕು. ನನಗೆ ಕಂಪ್ಯೂಟರ್ ಕಲಿಸಿದವರು ಅಪ್ಪ. ಸಿ ಅಂದರೆ ಅಡುಗೆಮನೆ, ಡಿ ಅಂದರೆ ಉಗ್ರಾಣ. ಅಡುಗೆಮನೆಯನ್ನು ಒಂದಲ್ಲ ಒಂದು ದಿನ ತೊಳೆಯಲೇಬೇಕಾಗುತ್ತೆ, ಬೇಕಾದ್ದೆಲ್ಲ ಉಗ್ರಾಣದಲ್ಲಿಡು ಅಂತ ನೂರು ಸಲ ಹೇಳಿದ್ದರು. ನಾನು ಹಾಗೇ ಇಟ್ಟಿದ್ದೆ. ನನ್ನ ಹಾಡು, ನನ್ನ ಸರ್ಟಿಫಿಕೇಟು, ಎಲ್ಲ ಡಿಯಲ್ಲಿ. ಅಪ್ಪನ ಸಾಮಾನು ಅಂದಮೇಲೆ ಕೇಳಬೇಕೆ, ಅದೂ ಅಲ್ಲೇ ಇರುತ್ತೆ ಅಂದುಕೊಂಡೆ. ತೆಗೆದು ನೋಡಲು ಎರಡು ನಿಮಿಷ ಬೇಕಿರಲಿಲ್ಲ.

ಅಮ್ಮ ಬಾಗಿಲಲ್ಲಿ ನಿಂತಿದ್ದಳು. "ನಿಮ್ಮಪ್ಪ ಹೋಗಲ್ಲ ತಾನೇ?" ಅಂದಳು.

ಡ್ಯೂಟಿಗೆ ಹೊತ್ತಾಗಿತ್ತು. ಸೆಖೆ. ಆ ಬಟ್ಟಲು ಕಂಡರೇ ನನಗೆ ಉರಿಯುತ್ತಿತ್ತು. "ಎಲ್ಲಾ ಡಿಯಲ್ಲಿದೆ, ಏನೂ ಹೋಗಲ್ಲ, ನೀನು ಸುಮ್ಮನಿರಮ್ಮ," ಅಂತ ಗದರಿದೆ.  ನಾನು ರಿಪೇರಿಯವರಿಗೆ ಏನೂ ಇಲ್ಲ, ಮಾಡಿ ಅಂದೆ. ಅವರು ಇನ್ನೊಂದು ಸಲ ಕೇಳಿದರು. ಇನ್ನೊಂದು ಸಲವೂ ಹಾಗೇ ಅಂದೆ.

ಸಂಜೆ ಬಂದು ಡಿ ಡ್ರೈವ್ ತೆರೆದೆ. ನನ್ನ ಹಾಡುಗಳಿದ್ದವು. ಒಂದೊಂದೇ ಫೋಲ್ಡರ್ ತೆರೆಯುತ್ತಾ ಹೋದೆ, ಫೋಟೋ ಒಂದೂ ಇರಲಿಲ್ಲ. ಆ ಸ್ಕ್ರೀನ್‌ಸೇವರ್ ತಾನಾಗಿ ಹುಡುಕುತ್ತಿದ್ದದ್ದು ಸಿಯಲ್ಲಿದ್ದ ಫೋಟೋ ಫೋಲ್ಡರನ್ನು. ಅಪ್ಪ ಕೆಲಸ ಸುಲಭವಾಗಲಿ ಅಂತ ಎಲ್ಲವನ್ನೂ ಅಲ್ಲೇ ಸುರಿದಿದ್ದರು. ಊರಿಗೆಲ್ಲ ಬುದ್ಧಿ ಹೇಳಿದ ಮನುಷ್ಯ ತಾನು ಮಾತ್ರ ಅಡುಗೆಮನೆಯಲ್ಲೇ ಉಳಿದುಕೊಂಡಿದ್ದರು. ಕ್ಯಾಮೆರಾದ ಕಾರ್ಡು ನೋಡಿದೆ. ಅದು ಖಾಲಿ ಅಂತ ನೋಡುವ ಮೊದಲೇ ಗೊತ್ತಿತ್ತು. ಓಡಿಹೋಗಿ ಅಂಗಡಿಯಲ್ಲಿ ಕೇಳಿದರೆ, ಹೊಸ ವಿಂಡೋಸ್ ಅದರ ಮೇಲೇ ಹಾಕಿಯಾಯಿತಲ್ಲಮ್ಮ, ಇನ್ನು ಸಿಗುವುದಿಲ್ಲ ಅಂದರು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು, ನಾನು ಎರಡು ಸಲ ಕೇಳಿದೆನಲ್ಲಮ್ಮ ಅಂದರು. ಕೇಳಿದ್ದರು. ಅವರ ತಪ್ಪು ಒಂದಿಷ್ಟೂ ಇರಲಿಲ್ಲ.

ವಾಪಸ್ಸು ಬರುವಾಗ ಅಮ್ಮನಿಗೆ ಹೇಳಿಬಿಡಬೇಕು ಅಂತಲೇ ಮೆಟ್ಟಿಲು ಹತ್ತಿದೆ. ಅವಳು ಕುರ್ಚಿ ಎಳೆದುಕೊಂಡು, ಮೌಸಿನ ಪಕ್ಕದಲ್ಲಿ ಬಟ್ಟಲು ಇಟ್ಟುಕೊಂಡು, ಸರಿ ಮಾಡಿದ್ಯಾ, ಹಾಕು ಅಂದಳು.  ಅಷ್ಟು ದೊಡ್ಡ ಬಾಯಿ ನನ್ನದು, ಎಲ್ಲಿ ಹೋಗಿತ್ತೋ. ಸ್ಕ್ರೀನ್‌ಸೇವರ್ ಪಟ್ಟಿ ತೆರೆದೆ. ಪೈಪಿತ್ತು, ಮತ್ತೇನೇನೋ ಇದ್ದವು. ಅವುಗಳಲ್ಲಿ ಬ್ಲಾಂಕ್ ಅಂತ, ಏನನ್ನೂ ತೋರಿಸದ್ದು, ಒಂದಿತ್ತು. ಅದನ್ನು ಹಾಕಿದೆ. ಐದು ನಿಮಿಷಕ್ಕೆ ಪರದೆ ಕಪ್ಪಾಯಿತು.

ಅಮ್ಮ ನನ್ನ ಮುಖ ನೋಡಿದಳು.

"ಸುರಂಗ ಅಮ್ಮ. ಮುಂದೆ ಬರುತ್ತೆ," ಅಂದೆ.

ಅವಳು ಹೂಂ ಅಂದಳು. ಬಟ್ಟಲನ್ನು ಮೌಸಿನ ಮೇಲೆ ಬೋರಲು ಹಾಕಿದಳು.

ಆ ಮೂರು ದಿನ ನಾನು ಮನೆಯಲ್ಲಿ ಹೇಗಿದ್ದೆ ಅನ್ನುವುದು ಈಗ ನೆನೆಸಿಕೊಂಡರೂ ನಾಚಿಕೆಯಾಗುತ್ತದೆ. ಬೆಳಿಗ್ಗೆ ಬೇಗ ಹೊರಟುಬಿಡುತ್ತಿದ್ದೆ. ಸಂಜೆ ಬಂದು ನೋಡಿದರೆ ಅಮ್ಮ ಕಪ್ಪು ಪರದೆಯ ಮುಂದೆ ಕೂತಿರುತ್ತಿದ್ದಳು. ಬೇಳೆ ಆರಿಸುವುದೂ ಅಲ್ಲೇ, ಹೂ ಕಟ್ಟುವುದೂ ಅಲ್ಲೇ. ಬಂತೇನಮ್ಮ ಅಂತ ಕೇಳುವ ಧೈರ್ಯ ನನಗಿಲ್ಲ, ಬರಲಿಲ್ಲವಲ್ಲ ಅಂತ ಅವಳು ಕೇಳಲಿಲ್ಲ. ಏನಾದರೂ ಕೇಳಿದ್ದರೆ ರೇಗಾಡಿಯಾದರೂ ನಿಜ ಹೇಳಿಬಿಡುತ್ತಿದ್ದೆ ಅನ್ನಿಸುತ್ತದೆ. ರೇಗುವುದಾದರೆ ನನಗೆ ಯಾವ ಮಾತೂ ಕಷ್ಟವಲ್ಲ. ಅವಳು ಊಟಕ್ಕೆ ಬಾ ಅನ್ನುವುದು ಬಿಟ್ಟು ಬೇರೆ ಮಾತೇ ಆಡಲಿಲ್ಲ. 

ಮೂರನೇ ದಿನ ಸಂಜೆ ಚಪ್ಪಲಿ ಬಿಟ್ಟು ಒಳಗೆ ಬಂದವಳು ಅವಳ ಕುರ್ಚಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಕಪ್ಪು ಪರದೆಯಲ್ಲಿ ನಮ್ಮಿಬ್ಬರ ನೆರಳು ಕಾಣುತ್ತಿತ್ತು. ಅಮ್ಮ ಕಟ್ಟುತ್ತಿದ್ದ ಹೂವನ್ನು ಪಕ್ಕಕ್ಕಿಟ್ಟಳು.

"ಸುರಂಗ ಎಷ್ಟುದ್ದ ಇದ್ರೂ ಮೂರು ದಿನ ಇರಲ್ಲ ಕಣೇ," ಅಂದಳು.

ನನಗೆ ಅಳು ಒತ್ತಿಕೊಂಡು ಬಂತು. ನೋಡಲಿಲ್ಲ ಅಮ್ಮ, ಅವರು ಎರಡು ಸಲ ಕೇಳಿದರೂ ನಾನು ತೆಗೆದು ನೋಡಲಿಲ್ಲ ಅಂತ ಅವಳ ಮಂಡಿಗೆ ಹಣೆ ಒತ್ತಿಕೊಂಡು ಹೇಳಿದೆ. ಅವಳು ಬೈಯಲಿಲ್ಲ. ಮೊದಲನೇ ದಿನವೇ, ನನ್ನ ಮುಖ ನೋಡಿದ ಕೂಡಲೇ ಗೊತ್ತಾಯಿತು ಅಂದಳು. ಗೊತ್ತಿದ್ದೂ ನೀನು ಮೂರು ದಿನ ಯಾರಿಗೆ ಕಾಯ್ತಾ ಕೂತಿದ್ದೆ ಇಲ್ಲಿ ಅಂತ ಕೇಳಿದೆ. ಆ ಅಳುವಿನಲ್ಲೂ ನನ್ನ ದನಿ ಸ್ವಲ್ಪ ಏರಿಯೇ ಇತ್ತು.

"ನಿಂಗೆ," ಅಂದಳು. "ಬಂದು ಹೇಳ್ತೀಯೇನೋ ಅಂತ."

 ಆಮೇಲೆ ಎದ್ದು ಮೌಸಿನ ಮೇಲಿನ ಬಟ್ಟಲನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ನೀರಿನ ಸದ್ದು ಕೇಳಿಸಿತು. ಅದೇ ಬಟ್ಟಲು ತೊಳೆದು, ಅದರಲ್ಲೇ ಮಜ್ಜಿಗೆ ತಂದು ನನ್ನ ಕೈಗೆ ಕೊಟ್ಟಳು. ನಾನು ಕುಡಿದು ಮುಗಿಸುವ ತನಕ ಪಕ್ಕದಲ್ಲೇ ನಿಂತಿದ್ದಳು.