ಬಸ್ಸು ತಿರುಗುವ ಕಣ

ನನ್ನನ್ನು ಬಡಾವಣೆಯ ಸಂಘಕ್ಕೆ ಸೇರಿಸಿಕೊಂಡ ಸಭೆಯಲ್ಲೇ ಕುರ್ಚಿ ಹಾರಿತು. ಪ್ಲಾಸ್ಟಿಕ್ಕಿನದಲ್ಲ, ಕಬ್ಬಿಣದ ಮಡಿಚುವ ಕುರ್ಚಿ. ಎಸೆದವನು ಲೋಕೇಶ, ನಾನು ಬಾಡಿಗೆಗಿದ್ದ ಮನೆಯೊಡತಿಯ ಮಗ. ಅದು ಹಾರಿಹೋದದ್ದು ಸಂಘದ ಅಧ್ಯಕ್ಷರಾದ ಶೇಷಾದ್ರಿ ಮೇಷ್ಟ್ರ ಕಿವಿಯ ಪಕ್ಕದಲ್ಲಿ. ಗೋಡೆಗೆ ಬಡಿದು ಗಾರೆ ಉದುರಿತು. ನಾನು ನರ್ಸು, ಕೈ ತನ್ನಷ್ಟಕ್ಕೆ ಚೀಲದೊಳಗೆ ಹತ್ತಿ ಹುಡುಕುತ್ತಿತ್ತು. ಮೇಷ್ಟ್ರು ಮಾತ್ರ ಕನ್ನಡಕ ಸರಿಮಾಡಿಕೊಂಡು, "ಮುಂದಿನ ವಿಷಯ, ಬೀದಿದೀಪ" ಎಂದರು. ಸಭೆ ಮುಗಿದ ಮೇಲೆ ಎಲ್ಲರೂ ಒಂದೇ ಪಾತ್ರೆಯಿಂದ ಉಪ್ಪಿಟ್ಟು ಬಡಿಸಿಕೊಂಡು ತಿಂದರು. ಲೋಕೇಶ ಮೇಷ್ಟ್ರನ್ನು ತನ್ನ ಬೈಕಿನ ಹಿಂದೆ ಕೂರಿಸಿಕೊಂಡು ಮನೆಗೆ ಬಿಟ್ಟುಬಂದ.

ಇಳಕಲ್ ಕಡೆಯ ನಮ್ಮ ಹಳ್ಳಿಯಲ್ಲಿ ಹೀಗಾಗಿದ್ದರೆ ಎರಡು ಮನೆಗಳವರು ತಲೆಮಾರುಗಟ್ಟಲೆ ಮಾತು ಬಿಡುತ್ತಿದ್ದರು. ಇಲ್ಲಿ ಉಪ್ಪಿಟ್ಟು ಆರುವಷ್ಟರಲ್ಲಿ ಜಗಳ ಆರುತ್ತದೆ. ಇಲ್ಲಿನವರ ಸಿಟ್ಟಿನಲ್ಲಿ ಯಾವುದು ಬರೀ ಸದ್ದು, ಯಾವುದು ನಿಜವಾದ ಏಟು ಎಂದು ಗುರುತಿಸುವುದನ್ನು ಕಲಿಯಲು ನನಗೆ ಬಹಳ ಕಾಲ ಹಿಡಿಯಿತು. ಕಲಿತೆ ಅಂದುಕೊಂಡಾಗಲೂ ಕಲಿತಿರಲಿಲ್ಲ.

ಚನ್ನರಾಯಪಟ್ಟಣದ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ ಸಿಕ್ಕಿ ಬಂದವಳು ನಾನು. ಪೇಟೆಯೊಳಗೆ ಒಂಟಿ ಹೆಂಗಸಿಗೆ ಮನೆ ಕೊಡುವವರಿರಲಿಲ್ಲ. "ಊಟ ತಿಂಡಿ ಯಾವ ತರ?" ಎಂದು ಒಬ್ಬರು, "ನೋಡೋಕೆ ಯಾರ್ಯಾರು ಬರ್ತಾರೆ?" ಎಂದು ಇನ್ನೊಬ್ಬರು. ಕೊನೆಗೆ ಬಾಗೂರು ರಸ್ತೆಯ ಹೊಸ ಬಡಾವಣೆಯಲ್ಲಿ ಕೆಂಪಮ್ಮ ತಮ್ಮ ಮನೆಯ ಮಹಡಿ ಕೊಟ್ಟರು. ಆ ಬಡಾವಣೆ ಎದ್ದಿದ್ದೇ ಅವರ ಹೊಲಗಳ ಮೇಲೆ. ಅರ್ಧ ಮಾರಿದ್ದರು, ಉಳಿದರ್ಧದಲ್ಲಿ ಲೋಕೇಶ ರಾಗಿ ಬೆಳೆಯುತ್ತಿದ್ದ.

ಮೊದಲ ಭಾನುವಾರ ಊರಿನ ನೆನಪಾಗಿ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಕೆಂಪಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

"ಯಾರ್‍ನ ಇಂಗೆ ಒಡೀತಾ ಇದ್ದೀರಿ ಸಿಸ್ಟರಮ್ಮ?"

"ರೊಟ್ಟಿ ಬಡ್ಯಾಕತ್ತೀನ್ರಿ."

"ರೊಟ್ಟಿ ಏನ್ ತೆಪ್ಪು ಮಾಡಿತ್ತು ನಿಮ್ಗೆ?"

ಅಂದು ಮಧ್ಯಾಹ್ನ ಅವರೇ ರಾಗಿ ಮುದ್ದೆಯ ತಟ್ಟೆ ಹಿಡಿದು ಬಂದರು. ನಾನು ಅಗಿಯಲು ಹೋದೆ, ಹಲ್ಲಿಗೆಲ್ಲ ಮೆತ್ತಿಕೊಂಡಿತು. "ಅಗೀಬ್ಯಾಡಿ, ನುಂಗಿ, ನುಂಗಿ!" ಎಂದು ಪಕ್ಕದಲ್ಲಿ ನಿಂತು ಗದರಿದರು. ಕಣ್ಣಲ್ಲಿ ನೀರು ಬಂತು. ಮುದ್ದೆ ಗಂಟಲಲ್ಲಿ ಸಿಕ್ಕಿದ್ದಕ್ಕೋ, ಯಾರೋ ಎದುರಿಗೆ ನಿಂತು ಉಣ್ಣಿಸಿದ್ದಕ್ಕೋ, ಎರಡೂ ಇರಬೇಕು. ಇಲ್ಲಿನವರ ಬಾಯಲ್ಲಿ ಹೋಗು ಎಂಬುದು ಓಗು, ಸ್ವಲ್ಪ ಎಂಬುದು ವಸಿ. ನನ್ನ "ಹೌದ್ರೀ" ಕೇಳಿ ನರ್ಸಿಂಗ್ ಹೋಮಿನ ಹುಡುಗಿಯರು ಮುಸಿಮುಸಿ ನಗುತ್ತಿದ್ದರು. ಕೆಲವು ಸಂಜೆ ನನ್ನ ಮಾತು ನನಗೇ ಕೇಳಲೆಂದು ಕನ್ನಡಿಯ ಎದುರು ನಿಂತು ಮಾತಾಡಿಕೊಂಡಿದ್ದೇನೆ.

ಸಂಘಕ್ಕೆ ನಾನು ಸೇರಿದ್ದು ಬಸ್ಸಿನ ಆಸೆಯಿಂದ. ಬಸ್ಸು ಮುಖ್ಯರಸ್ತೆಯ ಕ್ರಾಸಿನವರೆಗೆ ಮಾತ್ರ ಬರುತ್ತಿತ್ತು. ಅಲ್ಲಿಂದ ಬಡಾವಣೆಗೆ ನಡೆಯುವ ದಾರಿಯಲ್ಲಿ ದೀಪವಿಲ್ಲ, ಕುಡುಕರ ಕಾಟ, ಬೀದಿನಾಯಿಗಳು. ಸಂಜೆ ಪಾಳಿ ಮುಗಿಸಿ ಬರುವಾಗ ಒಮ್ಮೆ ಒಬ್ಬ ನನ್ನ ತೋಳು ಹಿಡಿದು ಎಳೆದ. ಕೈಲಿದ್ದ ಊಟದ ಡಬ್ಬಿಯಿಂದ ಅವನ ಮೂಗಿಗೆ ಬಾರಿಸಿ ಓಡಿದೆ. ಮರುದಿನ ಅದೇ ಡಬ್ಬಿಯಲ್ಲಿ ಊಟ ಮಾಡಲಾಗಲಿಲ್ಲ. ಆ ವಾರವೇ ಹೋಗಿ ಶೇಷಾದ್ರಿ ಮೇಷ್ಟ್ರನ್ನು ಕಂಡೆ.

ಮೇಷ್ಟ್ರು ನುಗ್ಗೇಹಳ್ಳಿಯವರು, ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಬಡಾವಣೆಯವರನ್ನೂ ಪಕ್ಕದ ಹಳ್ಳಿಯವರನ್ನೂ ಒಂದೇ ಸಂಘಕ್ಕೆ ಎಳೆದು ತಂದಿದ್ದರು. ಎರಡರ ನಡುವೆ ಹಳ್ಳಿಯ ಹಳೆಯ ಕಣವಿತ್ತು, ಎಲ್ಲರೂ ರಾಗಿ ಒಕ್ಕುವ ಬಯಲು. ಬಡಾವಣೆಯ ನಕ್ಷೆಯಲ್ಲಿ ಅದನ್ನು ಉದ್ಯಾನವನ ಎಂದು ತೋರಿಸಿದ್ದರು. ಹಿಂದೊಮ್ಮೆ ಯಾರೋ ಅಲ್ಲಿ ಸೈಟು ಮಾಡಲು ಕಲ್ಲು ನೆಟ್ಟಾಗ ಮೇಷ್ಟ್ರೂ ಲೋಕೇಶನೂ ಸೇರಿ ಕಿತ್ತು ಕೆರೆಗೆ ಎಸೆದಿದ್ದರಂತೆ. ಕಣ ಉಳಿದದ್ದು ಸಂಘದಿಂದ ಎಂದು ಕೆಂಪಮ್ಮ ಆಗಾಗ ಹೇಳುತ್ತಿದ್ದರು.

ಬಸ್ಸಿಗಾಗಿ ನಾವು ಅರ್ಜಿ ಕೊಟ್ಟೆವು, ಕೈಮುಗಿದೆವು, ಕೊನೆಗೆ ಕ್ರಾಸಿನಲ್ಲಿ ರಸ್ತೆಗೆ ಅಡ್ಡ ಕೂತೆವು. ಅರಕಲಗೂಡು ಕಡೆಯ ಡ್ರೈವರೊಬ್ಬ ಇಳಿದುಬಂದು, "ಏಳ್ರಲಾ ಮೇಲೆ, ಅತ್ತಿಸ್ಬುಟ್ಟೇನು!" ಎಂದು ಅಬ್ಬರಿಸಿದ. ನಮ್ಮವನೊಬ್ಬ ಅವನ ಕಪಾಳಕ್ಕೆ ಬಿಟ್ಟ. ಬಸ್ಸಿನ ಗಾಜಿಗೆ ಎಲ್ಲಿಂದಲೋ ಕಲ್ಲು ಬಿತ್ತು. ಡ್ರೈವರನ ಹುಬ್ಬಿಗೆ ಚುಚ್ಚಿದ್ದ ಗಾಜಿನ ಚೂರನ್ನು ರಸ್ತೆಯಲ್ಲೇ ತೆಗೆದವಳು ನಾನು. "ನೀವೂ ಇವ್ರ ಕಡೇರೇನಾ?" ಎಂದು ಕೇಳಿದ. "ಹೌದ್ರೀ, ಅಲುಗಾಡಬ್ಯಾಡ್ರಿ" ಎಂದೆ. ಅಂತೂ ಡಿಪೋದವರು ಒಪ್ಪಿದರು, ಒಂದು ಷರತ್ತಿನ ಮೇಲೆ: ಬಡಾವಣೆಯ ಕೊನೆಯಲ್ಲಿ ಬಸ್ಸು ತಿರುಗಿಸಲು ಅಗಲವಾದ ಗಟ್ಟಿ ಜಾಗ ಬೇಕು.

ಅಂಥ ಜಾಗ ಇದ್ದದ್ದು ಒಂದೇ, ಕಣ.

ಅಂದಿನ ಸಭೆಯಲ್ಲಿ ಕುರ್ಚಿ ಹಾರಲಿಲ್ಲ. ಸುಗ್ಗಿ ಮುಗಿಯುವ ತನಕ ಒಂದು ಹಿಡಿ ಮಣ್ಣೂ ಮುಟ್ಟುವುದಿಲ್ಲ, ಆಮೇಲೆ ಅರ್ಧ ಬಸ್ಸಿಗೆ, ಅರ್ಧ ಕಣಕ್ಕೆ ಎಂದು ಮೇಷ್ಟ್ರು ಮಾತು ಕೊಟ್ಟರು. "ಆಯ್ತು ಬುಡಿ ಮೇಷ್ಟ್ರೇ" ಎಂದ ಲೋಕೇಶ. ಅವನ ದನಿ ತಣ್ಣಗಿತ್ತು. ಕೂಗಾಡದಿದ್ದರೆ ಒಪ್ಪಿದ ಹಾಗೆ ಎಂದು ನಾನು ತಿಳಿದೆ, ಮೇಷ್ಟ್ರೂ ಹಾಗೆಯೇ ತಿಳಿದರು.

ರಾಗಿ ಕೊಯ್ದು ಹೊಲಗಳು ಬರಿದಾದವು. ಬಡಾವಣೆಯ ಕಿಟಕಿಗಳಿಂದ ನೋಡುವವರಿಗೆ ಅದೇ ಸುಗ್ಗಿಯ ಕೊನೆ. ಆದರೆ ಕೊಯ್ದ ತೆನೆ ಮೆದೆಯಲ್ಲಿ ಕೂತು ಹದವಾಗಬೇಕು, ಆಮೇಲೆ ಒಕ್ಕಣೆ. ಕಾಳು ಮನೆಯೊಳಗೆ ಹೋಗುವವರೆಗೆ ಹಳ್ಳಿಯವರಿಗೆ ಸುಗ್ಗಿ ಮುಗಿಯುವುದಿಲ್ಲ. ಮೇಷ್ಟ್ರು ಒಂದು ಭಾನುವಾರಕ್ಕೆ ಜೆಸಿಬಿಗೆ ಹೇಳಿಬಿಟ್ಟರು. ಕೆಂಪಮ್ಮ ಅದೇ ಭಾನುವಾರ ರಾಶಿ ಮಾಡುವುದೆಂದು ಹೊಳೆನರಸೀಪುರದಿಂದ ತಂಗಿಯ ಮನೆಯವರನ್ನು ಕರೆಸಿಕೊಂಡಿದ್ದರು.

ಬೆಳಿಗ್ಗೆ ಸುಣ್ಣದ ಪುಡಿ, ಅಳತೆ ಟೇಪು, ಗೂಟ ಹೊಡೆಯುವ ಸುತ್ತಿಗೆ ಹಿಡಿದುಕೊಂಡು ನಾವು ಐದಾರು ಜನ ಹೊರಟೆವು. ತಿರುವಿನಲ್ಲಿ ಕಣ ಕಂಡಿತು. ನೆಲವನ್ನು ಸಗಣಿ ಹಾಕಿ ಸಾರಿಸಿದ್ದರು. ನಡುವೆ ರಾಗಿಯ ರಾಶಿ, ಅದರ ನೆತ್ತಿಯ ಮೇಲೆ ಗರಿಕೆ ಸಿಕ್ಕಿಸಿದ ಸಗಣಿಯ ಬೆನಕ. ಕೆಂಪಮ್ಮ, ಲೋಕೇಶ, ನೆಂಟರು ಎಲ್ಲರೂ ಬರಿಗಾಲಲ್ಲಿ ಮಾತಿಲ್ಲದೆ ನಿಂತಿದ್ದರು. ನಮ್ಮೂರಲ್ಲಿ ಜೋಳದ ರಾಶಿಗೂ ಹೀಗೆಯೇ. ರಾಶಿ ಏಳುವ ತನಕ ಯಾರೂ ಮಾತಾಡುವುದಿಲ್ಲ, ಚಪ್ಪಲಿ ಕಾಲಲ್ಲಿ ಕಣದ ಅಂಚನ್ನೂ ತುಳಿಯುವುದಿಲ್ಲ. ಯೋಚಿಸುವ ಮೊದಲೇ ನನ್ನ ಕಾಲು ಚಪ್ಪಲಿ ಬಿಟ್ಟು ನಿಂತಿತ್ತು.

ಉಳಿದವರು ಬೂಟು ಚಪ್ಪಲಿ ಸಮೇತ ಒಳಗೆ ನಡೆದರು. ಮೇಷ್ಟ್ರು ತಿರುಗಿ, "ಯಾಕಮ್ಮ ನಿಂತ್ಬಿಟ್ರಿ? ಬನ್ನಿ, ಟೇಪ್ ಹಿಡ್ಕೊಳ್ಳಿ" ಎಂದರು.

"ಮೇಷ್ಟ್ರೇ, ರಾಶಿ ಐತ್ರೀ ಅಲ್ಲೆ. ಹಿಂದಕ್ಕ ಬರ್‍ರಿ."

"ಆಮೇಲೆ ಕೈಮುಗಿಯೋಣ ಬನ್ನಿ. ಜೆಸಿಬಿ ಬಂದಿದೆ."

ಜೆಸಿಬಿಯ ಮುಂದಿನ ಗಾಲಿ ಸಾರಿಸಿದ ನೆಲ ಹತ್ತಿ, ರಾಶಿಯ ಒಂದು ಮಗ್ಗುಲನ್ನು ತುಳಿಯಿತು. ಬೆನಕ ಉರುಳಿ ಬಿದ್ದ. ಜೆಸಿಬಿಯವನು ಚಪ್ಪಲಿ ಕಾಲಲ್ಲೇ ಚೆಲ್ಲಿದ ರಾಗಿಯ ಮೇಲೆ ಇಳಿದ.

"ಮೆಟ್ನಲ್ ತುಳೀತೀಯೇನ್ಲಾ ನಮ್ಮ್ ಅನ್ನಾನ!" ಲೋಕೇಶ ಕೂಗಿದ್ದು ಅಷ್ಟೇ. ಹುಲ್ಲು ತಿರುವುವ ಕವೆಗೋಲು ಬೀಸಿ ಬಂತು. ಜೆಸಿಬಿಯವನು ಬಗ್ಗಿಕೊಂಡ. ಹಿಂದೆ ನಿಂತಿದ್ದ ಮೇಷ್ಟ್ರ ತಲೆಗೆ ಬಿತ್ತು. ಆ ಸದ್ದು ನನಗೆ ಇಂದಿಗೂ ಕೇಳುತ್ತದೆ. ನಮ್ಮ ಜೊತೆ ಬಂದಿದ್ದ ನಾಗರಾಜು ಸುತ್ತಿಗೆ ಎತ್ತಿಕೊಂಡು ಲೋಕೇಶನ ಮೇಲೆ ನುಗ್ಗಿದ. ಮಗನಿಗೆ ಅಡ್ಡ ಬಂದ ಕೆಂಪಮ್ಮನ ಮುಂಗೈ ಮೇಲೆ ಅದು ಬಿತ್ತು. ಆಮೇಲೆ ಯಾರು ಯಾರನ್ನು ಹೊಡೆದರೋ ತಿಳಿಯದು. ಒಬ್ಬ ಇನ್ನೊಬ್ಬನ ಕತ್ತು ಹಿಸುಕುತ್ತಿದ್ದ, ಒಬ್ಬ ಹೆಂಗಸು ಮೊರದಿಂದ ಬಡಿಯುತ್ತಿದ್ದಳು, ನಾಗರಾಜು ಬಾಯಿಂದ ರಕ್ತದ ಜೊತೆ ಹಲ್ಲು ಉಗುಳಿದ. ಎಲ್ಲರ ಕಾಲಡಿ ರಾಗಿ ಜಾರುತ್ತಿತ್ತು.

ಕೆಂಪಮ್ಮನ ಕೈ ಹೊರಳಿ ಜೋತುಬಿದ್ದಿತ್ತು. ಮೇಷ್ಟ್ರ ತಲೆಯಿಂದ ರಕ್ತ ಬುಗ್ಗೆಯಂತೆ ಬರುತ್ತಿತ್ತು. ನನ್ನ ಕೆಲಸ ಕಲಿಸಿದ್ದು ಒಂದೇ: ರಕ್ತ ಮೊದಲು, ಮೂಳೆ ಆಮೇಲೆ. ವೇಲ್ ಮಡಿಚಿ ಮೇಷ್ಟ್ರ ತಲೆಗೆ ಒತ್ತಿ ಹಿಡಿದೆ. ಕೆಂಪಮ್ಮ ನನ್ನನ್ನೇ ನೋಡುತ್ತಿದ್ದರು. "ನೋಡ್ಕೊಳಿ, ನಿಮ್ಮೋರ್‍ನೇ ನೋಡ್ಕೊಳಿ" ಎಂದರು. ನನ್ನ ಅಂಗಾಲಿನಲ್ಲಿ ರಕ್ತವೂ ರಾಗಿಯೂ ಕಲಸಿ ಅಂಟಿತ್ತು.

ಆ ಸಲ ಯಾರೂ ಯಾರನ್ನೂ ಬೈಕಿನಲ್ಲಿ ಮನೆಗೆ ಬಿಡಲಿಲ್ಲ. ಮೇಷ್ಟ್ರನ್ನು ಹಾಸನಕ್ಕೆ ಸಾಗಿಸಿದರು, ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ಬದುಕಿದರು, ಎಡಗಾಲು ಎಳೆದುಕೊಂಡು ನಡೆಯುತ್ತಾರೆ. ಪೊಲೀಸರು ಲೋಕೇಶನನ್ನು ಹಿಡಿದುಕೊಂಡು ಹೋದರು. ಅಂದು ಅಲ್ಲಿದ್ದವರಲ್ಲಿ ಎರಡೂ ಕಡೆಗೆ ನೆಂಟಳಲ್ಲದವಳು ನಾನೊಬ್ಬಳೇ, ಆದ್ದರಿಂದ ಎರಡೂ ಕಡೆಯವರು ನನ್ನನ್ನೇ ಸಾಕ್ಷಿ ಎಂದರು.

ಮೇಷ್ಟ್ರು ಆಸ್ಪತ್ರೆಯ ಮಂಚದಿಂದ, "ಮೊದಲು ಕೈಯೆತ್ತಿದ್ದು ಯಾರು? ಅಷ್ಟು ಹೇಳಿ, ಸಾಕಮ್ಮ" ಎಂದರು. ಕೆಂಪಮ್ಮ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮೆಟ್ಟಿಲ ಕೆಳಗೆ ನಿಂತು, "ಮೊದ್ಲು ಮೆಟ್ಟಾಕ್ಕಂಡು ಒಳೀಕ್ ಬಂದೋರು ಯಾರು? ನೀವ್ ಬುಟ್ಬುಟ್ಟು ನಿಂತ್ಕಂಡ್ರಲ್ಲ, ನಾನ್ ನೋಡ್ಲಿಲ್ವಾ? ಅದ್ನ ಏಳಿ" ಎಂದರು. ಎರಡೂ ನಿಜ. ಠಾಣೆಯಲ್ಲಿ ಎರಡನ್ನೂ ಹೇಳಿದೆ. ಬರೆದುಕೊಳ್ಳುತ್ತಿದ್ದವನು, "ಚಪ್ಲಿ ವಿಷ್ಯ ಯಾಕ್ ಬುಡಿ ಮೇಡಮ್ಮು" ಎಂದ. ಅದು ಸೇರದಿದ್ದರೆ ಸಹಿ ಹಾಕುವುದಿಲ್ಲ ಎಂದು ಕೂತೆ. ಕಡೆಗೆ ಸೇರಿಸಿದ. ಈ ಸೀಮೆಯಲ್ಲಿ ನಾನು ಒಬ್ಬಳೇ ಗೆದ್ದದ್ದು ಅದೊಂದೇ, ಅದರಿಂದ ಯಾರಿಗೂ ಸಮಾಧಾನವಾಗಲಿಲ್ಲ. ನಾನು ಕೈಕೊಟ್ಟೆ ಎಂದು ಸಂಘದವರು ಅಂದರು. ಮಗನನ್ನು ಹಿಡಿದುಕೊಟ್ಟವಳು ನಾನೇ ಎಂದು ಕೆಂಪಮ್ಮನ ನೆಂಟರು ಅಂದರು.

ಫೋನಿನಲ್ಲಿ ಹೇಳಿದಾಗ ನಮ್ಮಣ್ಣ, "ನಮ್ಮ ಕಣಕ್ಕ ಹಂಗ ಬಂದಿದ್ರ ನಾನೂ ಬಿಡ್ತಿದ್ದಿಲ್ಲ. ನೀ ಇನ್ನ ಅಲ್ಲಿ ಇರಬ್ಯಾಡ, ಬಾ" ಎಂದ. ಬಾಗಲಕೋಟೆಯಲ್ಲಿ ಕೆಲಸವೂ ಸಿಗುವಂತಿದೆ. ಆದರೆ ಕೇಸು ಕೋರ್ಟಿನಲ್ಲಿದೆ. ಸಾಕ್ಷಿ ಮುಗಿಯುವ ತನಕ ಊರು ಬಿಡಬೇಡಿ ಎಂದು ಮೇಷ್ಟ್ರೂ ಹೇಳಿಕಳಿಸಿದ್ದಾರೆ, ಜಾಮೀನಿನ ಮೇಲೆ ಬಂದಿರುವ ಲೋಕೇಶನೂ ಹೇಳಿಕಳಿಸಿದ್ದಾನೆ. ಇಬ್ಬರಿಗೂ ನಾನು ಬೇಕು, ಇಬ್ಬರೂ ಎದುರು ಸಿಕ್ಕರೆ ಮುಖ ತಿರುಗಿಸುತ್ತಾರೆ. ಅಣ್ಣನ ಮನೆಗೆ ಹೋದಾಗ ಎರಡನೇ ದಿನಕ್ಕೇ ಇಲ್ಲಿನ ಚಿಂತೆ ಹತ್ತುತ್ತದೆ. ಇಲ್ಲಿಗೆ ಬಂದು ಗೇಟು ತೆಗೆದರೆ ಯಾರೂ "ಬಂದ್ರಾ?" ಎನ್ನುವುದಿಲ್ಲ.

ಬಸ್ಸು ಬಂದಿದೆ. ಕಣಕ್ಕೆ ಜಲ್ಲಿ ಸುರಿದು ಗಟ್ಟಿ ಮಾಡಿದ್ದಾರೆ, ಅರ್ಧ ಉಳಿಸುವ ಮಾತನ್ನು ಈಗ ಯಾರೂ ಎತ್ತುವುದಿಲ್ಲ. ಹಳ್ಳಿಯವರು ಬಸ್ಸು ಹತ್ತುವುದಿಲ್ಲ, ಕ್ರಾಸಿನವರೆಗೆ ನಡೆದೇ ಹೋಗುತ್ತಾರೆ. ಮೊನ್ನೆ ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ಕೆಂಪಮ್ಮ ಕಂಡರು. ಸೊಟ್ಟಗೆ ಕೂಡಿಕೊಂಡ ಕೈಯಲ್ಲಿ ಸೊಪ್ಪಿನ ಚೀಲ ಹಿಡಿಯಲಾಗದೆ ಎರಡೆರಡು ಹೆಜ್ಜೆಗೆ ಕೆಳಗಿಳಿಸುತ್ತಿದ್ದರು. ಕೂಗಿ ಬಸ್ಸು ನಿಲ್ಲಿಸಿ ಇಳಿದೆ. ಚೀಲಕ್ಕೆ ಕೈ ಚಾಚಿದೆ. ಅವರು ಕೊಟ್ಟರು. ಸ್ವಲ್ಪ ದೂರ ಜೊತೆಯಲ್ಲಿ ನಡೆದೆವು. ಹಿಂದೆ ಕಂಡಕ್ಟರ್ ಬಾಗಿಲು ಬಡಿಯುತ್ತಿದ್ದ.

ಕೆಂಪಮ್ಮ ನಿಂತು, ಚೀಲ ವಾಪಸ್ಸು ಇಸಿದುಕೊಂಡರು.

"ಓಗವ್ವ, ಅತ್ಕೋ. ನಿನ್ಗೋಸ್ಕರ ತಾನೆ ಅದು ಬಂದಿರಾದು."

ನನಗೆ ಪಾಳಿಗೆ ಹೊತ್ತಾಗಿತ್ತು. ಹತ್ತಿದೆ.