ಕಾರಣವಿಲ್ಲದೆ ಬಾಡು ಬಿಟ್ಟ ರಂಗನಾಯಕರು

ಗುಂಡ್ಲುಪೇಟೆಯಲ್ಲಿ ನಾವು ಬಾಡಿಗೆಗಿರುವುದು ಮೇಲಿನ ಮನೆ. ಕೆಳಗಿನದು ಮಾಲೀಕರಾದ ರಂಗನಾಯಕರದು. ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಾದರೂ ಮೊದಲು ರಂಗನಾಯಕರು ಯಾವ ದಿನ ಬಿಡುವಾಗಿದ್ದಾರೆಂದು ಕೇಳಿಕೊಂಡು, ಆಮೇಲೆ ಮುಹೂರ್ತ ಕೇಳಲು ಹೋಗುತ್ತಾರೆ. ಮದುವೆ ಊಟ ಹೇಗಾದರೂ ಆಗಲಿ, ಬೀಗರೂಟದ ಬಾಡಿನ, ಅಂದರೆ ಮಾಂಸದ, ಸಾರಿಗೆ ಅವರ ಕೈಯೇ ಆಗಬೇಕು. ಮೂವತ್ತು ವರ್ಷದಿಂದ ಅವರ ಸೌಟು ಹೋಗದ ಊರಿಲ್ಲ.

ಇಂಥವರ ಮೇಲ್ಮನೆ ಹಿಡಿದಾಗ ಚಾಮರಾಜನಗರದಲ್ಲಿರುವ ನನ್ನ ಅತ್ತೆ ಪುಟ್ಟಬಸಮ್ಮ ಹೌಹಾರಿದ್ದರು.

"ಕೆಳಗೆ ಬಾಡಿನ ಒಗ್ಗರಣೆ, ಮೇಲೆ ಲಿಂಗಪೂಜೆ. ಎಂಗವ್ವ ನಯನಾ?"

ನಾನು ಒಪ್ಪಿದ್ದು ಎರಡು ಕಾರಣಕ್ಕೆ. ನೀರು ನಿಲ್ಲುತ್ತಿರಲಿಲ್ಲ, ಮತ್ತು ಮೆಟ್ಟಿಲಿಗೆ ಗೇಟಿತ್ತು. ನನ್ನ ಮಗಳು ದಾನೇಶ್ವರಿಗೆ, ನಮ್ಮ ದಾನುವಿಗೆ, ಆಗ ಎರಡು ವರ್ಷ. ಗೇಟಿಲ್ಲದ ಮೆಟ್ಟಿಲು ನೋಡಿದರೆ ಈಗಲೂ ಅವಳ ಕೈ ಬಿಗಿಯಾಗಿ ಹಿಡಿದುಕೊಳ್ಳುತ್ತೇನೆ. ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಗಂಡ ದಿಲೀಪ್, "ವಾಸನೆ ಬಂದರೆ ಕಿಟಕಿ ಹಾಕಿಕೋ" ಎಂದಷ್ಟೇ ಹೇಳಿದ.

ಆದರೆ ನನಗೆ ತಲೆನೋವು ಬಂದದ್ದು ವಾಸನೆಯಿಂದಲ್ಲ. ಈ ಯುಗಾದಿಯ ಮಾರನೇ ದಿನ, ವರ್ಷತೊಡಕಿನಂದು, ರಂಗನಾಯಕರು ಎಂದಿನಂತೆ ಮನೆಮಂದಿಗೆಲ್ಲ ಬಾಡು ಬೇಯಿಸಿದರು, ಬಡಿಸಿದರು, ಕೊನೆಗೆ ತಾವೂ ಕುಳಿತರು. ಹೆಂಡತಿ ಭಾಗ್ಯಮ್ಮ ತುಂಡು ಹಾಕಲು ಬಂದಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, "ನಂಗೆ ಬ್ಯಾಡ" ಎಂದರು. ಅಷ್ಟೇ. ಮುದ್ದೆಗೆ ಮೊಸರು ಹಾಕಿಕೊಂಡು ಉಂಡು ಎದ್ದರು.

ಮರುವಾರವೂ ಬೇಡ ಎಂದರು. ಅದರ ಮರುವಾರ ಭಾಗ್ಯಮ್ಮನ ದನಿ ನಮ್ಮ ಅಡುಗೆಮನೆಗೇ ಕೇಳಿಸಿತು.

"ಯಾಕ್ ಬ್ಯಾಡ? ನಾನೇನು ಮಣ್ಣು ಹಾಕಿದ್ದೀನಾ ಅದರೊಳಕ್ಕೆ?"

"ಮಾಡಿರವ್ನು ನಾನಲ್ವ? ಹಾಕಿದ್ರೆ ನಾನೇ ಹಾಕಿರಬೇಕು."

"ಮತ್ತ್ಯಾಕೆ?"

"ಬ್ಯಾಡ ಅನ್ನುಸ್ತು ಕಣ. ಬುಡು."

ಇದನ್ನು ಯಾರೂ ನಂಬಲಿಲ್ಲ. ಇಲ್ಲಿ ಬಾಡು ಬಿಡದವರೇನೂ ಇಲ್ಲ. ಮಾದಪ್ಪನ ಸೋಮವಾರವೆಂದು ಬಿಡುತ್ತಾರೆ, ಶ್ರಾವಣವೆಂದು ಬಿಡುತ್ತಾರೆ, ಮಾಲೆ ಹಾಕಿದ್ದೇನೆ ಎಂದು ಬಿಡುತ್ತಾರೆ, ಡಾಕ್ಟರು ಬೈದರೆಂದು ಹದಿನೈದು ದಿನ ಬಿಡುತ್ತಾರೆ. ಎಲ್ಲಕ್ಕೂ ಒಂದು ಹೆಸರಿದೆ. ಸುಮ್ಮಸುಮ್ಮನೆ, ಗಟ್ಟಿಮುಟ್ಟಾಗಿದ್ದುಕೊಂಡು, ತಾನೇ ಸೊಗಸಾಗಿ ಬೇಯಿಸಿದ್ದನ್ನು ಬೇಡ ಎನ್ನುವವನನ್ನು ಏನೆಂದು ಕರೆಯಬೇಕೋ ಯಾರಿಗೂ ತಿಳಿಯದು.

ಅವರ ಅಕ್ಕ ಪುಟ್ಟಮಾದಮ್ಮ ದೋಷವನ್ನು ದಿನದ ಮೇಲೆ ಹೊರಿಸಿದರು. ತೊಡಕಿನ ದಿನ ಏನು ಮಾಡುತ್ತೇವೋ ವರ್ಷವಿಡೀ ಅದೇ ಆಗುತ್ತದಂತೆ. "ಆವತ್ತೊಂದಿನ ಒಂದು ತುಂಡು ಬಾಯಿಗೆ ತುರುಕಿದ್ರೆ ಸರೋಗದು. ಈಗ ಮುಂದಿನ ಯುಗಾದಿಗಂಟ ಹಿಂಗೇಯ" ಎಂದು ಬೀದಿಯಲ್ಲಿ ಸಾರಿದರು. ಸಕ್ಕರೆ ಕಾಯಿಲೆ ಮುಚ್ಚಿಟ್ಟಿದ್ದಾನೆ ಎಂದು ಕೆಲವರೆಂದರು. ಕೇರಳಕ್ಕೆ ತರಕಾರಿ ಲಾರಿ ಓಡಿಸುವ ಅವರ ಮಗ ಚಂದ್ರಕುಮಾರನನ್ನು ಗೆಳೆಯರು, "ನಿಮ್ಮಪ್ಪ ಯಾವತ್ಲಾ ಕಾವಿ ಉಡದು?" ಎಂದು ಕೇಳತೊಡಗಿದರು.

ಇವೆಲ್ಲ ತಮಾಷೆಯೇ. ಆದರೆ ಇನ್ನೊಂದು ಮಾತು ಹುಟ್ಟಿ ನನ್ನ ನಿದ್ದೆ ಕೆಡಿಸಿತು. ಇದೆಲ್ಲ ಮೇಲ್ಮನೆಯವರ ಗಾಳಿ, ಲಿಂಗ ಕಟ್ಟಿದವರು ತಲೆಯ ಮೇಲೆ ಕೂತರೆ ಇನ್ನೇನಾಗುತ್ತದೆ ಎಂದು ಯಾರೋ ಹೇಳಿದ್ದರು. ಮೆಟ್ಟಿಲಲ್ಲಿ ಎದುರಾದ ಭಾಗ್ಯಮ್ಮ ಅವತ್ತು ನನ್ನನ್ನು ನೋಡಿ ನಗಲಿಲ್ಲ. ಮನೆ ಖಾಲಿ ಮಾಡಿಸಿದರೆ ಗೇಟಿರುವ ಮೆಟ್ಟಿಲನ್ನು ಎಲ್ಲಿ ಹುಡುಕಲಿ ಎಂದು ನಾನು ಆಗಲೇ ಲೆಕ್ಕ ಹಾಕತೊಡಗಿದೆ.

ಧೈರ್ಯ ಮಾಡಿ ಕೆಳಗಿಳಿದೆ. ರಂಗನಾಯಕರು ಜಗಲಿಯಲ್ಲಿ ಕುಳಿತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಕೇಳಬೇಕೆಂದದ್ದು ಒಂದು, ಬಾಯಿಗೆ ಬಂದದ್ದು ಇನ್ನೊಂದು.

"ಮಾಂಸ ಬಿಟ್ಟರೆ ಪ್ರೋಟೀನು ಸಾಲುತ್ತಾ ನಿಮಗೆ? ಸುಸ್ತಾಗಲ್ವಾ? ಬಿ ಹನ್ನೆರಡು ಪರೀಕ್ಷೆ ಮಾಡಿಸಿದ್ದೀರಾ?"

ಅವರು ಕೈ ನಿಲ್ಲಿಸಿ ನನ್ನನ್ನೇ ನೋಡಿದರು.

"ಏನವ್ವ, ನೀವು ಹುಟ್ಟಿದಾಗಿಂದ ತಿಂದಿಲ್ಲ. ನಾನು ಬುಟ್ಟು ಮೂರು ತಿಂಗಳಾಯ್ತು. ಯಾರು ಯಾರ್ನ ಕೇಳಬೇಕು ಇದ?"

ನಿಜ ಹೇಳಬೇಕೆಂದರೆ ಈ ಪ್ರಶ್ನೆಗಳು ದಾನುವಿನ ಪುಸ್ತಕದಿಂದ ಬಂದವು. ಪ್ರತಿ ಸೋಮವಾರ ಅವಳ ತೂಕ ಬರೆದಿಡುವ ಪುಸ್ತಕ. ಮಕ್ಕಳ ಡಾಕ್ಟರು ಒಮ್ಮೆ ಮೊಟ್ಟೆ ಕೊಡಿ ಎಂದಿದ್ದರು. ನಮ್ಮಲ್ಲಿ ಇಲ್ಲ ಎಂದಾಗ, "ಸರಿ, ಹಾಗಾದರೆ ಕಾಳು" ಎಂದಿದ್ದರು. ಅಂದಿನಿಂದ ಕಾಳಿನ ಹಿಂದೆ ಬಿದ್ದಿದ್ದೆ. ನಾನು ಸಸ್ಯಾಹಾರವನ್ನು ಎಂದೂ ಆರಿಸಿಕೊಂಡವಳಲ್ಲ. ಹೆಸರಿನಂತೆ, ಅದೂ ಹುಟ್ಟಿದ ಮನೆಯಲ್ಲಿ ಇಟ್ಟದ್ದು. ಇವರೋ ಐವತ್ತೈದನೇ ವಯಸ್ಸಿನಲ್ಲಿ ಯಾರೂ ಹೇಳದೆ ಆರಿಸಿಕೊಂಡಿದ್ದರು.

"ನಮ್ಮಿಂದಾಗಿ ಬಿಟ್ರಿ ಅಂತಾರೆ ಜನ" ಎಂದೆ, ಮೆಲ್ಲಗೆ.

"ನಿಮ್ ಮನೆ ಅಡುಗೆ ವಾಸನೆ ನಮಗೂ ಬತ್ತದೆ ಕಣವ್ವ. ಅದ ಮೂಸ್ಕಂಡು ಯಾರಾದರೂ ಬಾಡು ಬುಡ್ತಾರಾ?" ಎಂದು ನಕ್ಕರು. ನನಗೆ ಸಮಾಧಾನವಾಯಿತು. ಮೆಟ್ಟಿಲು ಹತ್ತಿದ ಮೇಲೆ ಅವಮಾನವೂ ಆಯಿತು.

ಬಾಡು ಬಿಟ್ಟರೂ ಅವರು ಸೌಟು ಬಿಡಲಿಲ್ಲ. ಬಿಟ್ಟ ಮೇಲಿನ ಮೊದಲ ಬೀಗರೂಟದ ಅಡುಗೆ ತೆರಕಣಾಂಬಿಯಲ್ಲಿತ್ತು. ರುಚಿ ನೋಡದೆ ಉಪ್ಪು ಹಾಕುವುದು ಹೇಗೆಂದು ಭಾಗ್ಯಮ್ಮ ಎದೆ ಬಡಿದುಕೊಂಡರು. ರಂಗನಾಯಕರು ಕುದಿಯುವ ಹಂಡೆಯ ಮೇಲೆ ಬಗ್ಗಿ, ಹಬೆಯನ್ನು ಅಂಗೈಯಿಂದ ಮೂಗಿನ ಕಡೆ ಎಳೆದುಕೊಂಡು, ಒಂದು ಹಿಡಿ ಕಲ್ಲುಪ್ಪು ಎಸೆದರಂತೆ. ಒಬ್ಬರೂ ದೂರಲಿಲ್ಲ.

"ಉಪ್ಪಿಗೆ ವಾಸನೆಯೇ ಇಲ್ಲವಲ್ಲ!" ಎಂದೆ ನಾನು. ಶಾಲೆಯಲ್ಲಿ ಹಾಗೆಯೇ ಕಲಿತಿದ್ದೆ.

"ಉಪ್ಪಿಗಿಲ್ಲ ಕಣವ್ವ. ಸಾರಿಗೆ ಅದೆ" ಎಂದರು ರಂಗನಾಯಕರು.

ದೀಪಾವಳಿ ಕಳೆದ ಮೇಲೆ ಚಂದ್ರಕುಮಾರನಿಗೆ ಪುಣಜನೂರಿನ ಹುಡುಗಿ ಶೃತಿ ಗೊತ್ತಾದಳು. ತೊಂದರೆ ಶುರುವಾದದ್ದು ಅಲ್ಲಿ. ಮದುವೆಯಾದ ಮೇಲೆ ಗಂಡಿನ ಮನೆಯವರು ಹೆಣ್ಣಿನ ಕಡೆಯವರಿಗೆ ಬೀಗರೂಟ ಹಾಕುತ್ತಾರೆ. ರಂಗನಾಯಕರ ವಂಶದಲ್ಲಿ ಅದಕ್ಕೊಂದು ಕಟ್ಟಳೆ ಇತ್ತು. ಇಬ್ಬರು ಬೀಗರೂ ಅಕ್ಕಪಕ್ಕ ಕೂರಬೇಕು. ಹೆಣ್ಣಿನ ತಂದೆ ಮೊದಲ ತುಂಡನ್ನು ಗಂಡಿನ ತಂದೆಯ ಎಲೆಗೆ ಹಾಕಬೇಕು. ಅವನು ಅದನ್ನು ಬಾಯಿಗಿಟ್ಟ ಮೇಲೆಯೇ ಮಿಕ್ಕವರು ಎಲೆಗೆ ಕೈ ಹಾಕುವುದು. ನಮ್ಮ ಅಡುಗೆಯಲ್ಲಿ ಕಲ್ಮಷವಿಲ್ಲ, ನಮ್ಮ ಮನಸ್ಸಿನಲ್ಲೂ ಇಲ್ಲ ಎಂದು ಹಾಗೆ ತೋರಿಸುವುದಂತೆ.

ಮದುವೆಗೆ ವಾರವಿರುವಾಗ ಕೆಳಗೆ ಪಂಚಾಯಿತಿ ಸೇರಿತು. ನಾನೂ ಇದ್ದೆ, ಏಕೆಂದರೆ ದಾನು ಭಾಗ್ಯಮ್ಮನ ತೊಡೆಯ ಮೇಲಿದ್ದಳು. ನಮ್ಮ ಮನೆಯಲ್ಲಿ ನಾಲ್ಕು ತುತ್ತಿಗೆ ನಾಲ್ಕು ಕಥೆ ಕೇಳುವವಳು ಅಲ್ಲಿ ಕಥೆಯಿಲ್ಲದೆ ಮುದ್ದೆ ನುಂಗುತ್ತಿದ್ದಳು.

"ಒಂದೇ ತುಂಡು ಕಣಪ್ಪ. ನುಂಗ್ಬುಡು, ಮಾತ್ರೆ ನುಂಗ್ದಂಗೆ" ಎಂದ ಚಂದ್ರಕುಮಾರ.

"ನುಂಗಾಕೆ ಅದೇನು ಮಾತ್ರೆಯಾ?"

ಭಾಗ್ಯಮ್ಮ ಸುಲಭದ ದಾರಿ ತೋರಿಸಿದರು. "ಹರಕೆ ಅನ್ನು. ಗೋಪಾಲಸ್ವಾಮಿ ಬೆಟ್ಟಕ್ಕೆ ಹೊತ್ತಿದ್ದೀನಿ ಅನ್ನು. ಯಾರೂ ಕಮಕ್ ಕಿಮಕ್ ಅನ್ನಲ್ಲ."

"ಹೊತ್ತಿಲ್ವಲ್ಲ."

"ಹೊತ್ತಿದ್ದೀನಿ ಅಂದ್ರೆ ಸ್ವಾಮಿ ಬೆಟ್ಟ ಇಳಿದು ಬಂದು ಕೇಳ್ತಾನಾ?"

"ಅವನು ಬರಲ್ಲ. ಆದ್ರೆ ಒಂದ್ಸಲ ಹರಕೆ ಅಂದ್ಬುಟ್ರೆ ಅದು ಹರಕೆಯೇ ಆಗೋಯ್ತದೆ. ಆಮೇಲೆ ಬುಡಂಗಿಲ್ಲ. ನಾಳೆ ನಂಗೆ ತಿನ್ಬೇಕು ಅನ್ನುಸ್ತದೆ ಅನ್ಕೋ. ಆಗ?"

ಪುಟ್ಟಮಾದಮ್ಮ ಹಣೆ ಚಚ್ಚಿಕೊಂಡರು. "ತಿನ್ಬೇಕು ಅನ್ನುಸ್ತದೆ ಅಂತೀಯ, ತಿನ್ನು ಅಂದ್ರೆ ಬ್ಯಾಡ ಅಂತೀಯ. ನಮ್ಮನ್ನ ಹೆತ್ತವಳು ಪುಣ್ಯ ಮಾಡಿ ಮೊದ್ಲೇ ಹೋದ್ಳು."

ನಾನೂ ಸುಮ್ಮನಿರಲಾರದೆ, ಡಾಕ್ಟರು ಬೇಡವೆಂದಿದ್ದಾರೆ ಎಂದರೆ ಹೇಗೆ ಎಂದೆ.

"ಚೆನ್ನಾಗಿ ಹೇಳಿದ್ರಿ. ಮಾವ ರೋಗಿಷ್ಟ ಅಂತ ಮದುವೆ ಮಾರನೇ ದಿನವೇ ಆ ಮಗಿಗೆ ಗೊತ್ತಾಗ್ಲಿ" ಎಂದರು ರಂಗನಾಯಕರು.

ಯಾರ ಮಾತೂ ನಡೆಯಲಿಲ್ಲ. ಬೀಗರು ಮುನಿಸಿಕೊಂಡು ಎದ್ದರೆ ಹೊಸ ಹುಡುಗಿ ಜೀವಮಾನವಿಡೀ ಆ ಮಾತು ಹೊರಬೇಕಾಗುತ್ತದೆ ಎಂದು ಭಾಗ್ಯಮ್ಮ ಕಣ್ಣೊರೆಸಿಕೊಂಡರು. ರಂಗನಾಯಕರು ಆಗ ಮಾತ್ರ ತಲೆ ತಗ್ಗಿಸಿದರು.

ಬೀಗರೂಟದ ದಿನ ಬೆಳಗ್ಗೆಯಿಂದ ಹಿತ್ತಲಿನ ಮೂರು ಒಲೆಯ ಮೇಲೆ ಮೂರು ಹಂಡೆ ಕುದಿಯುತ್ತಿದ್ದವು. ರಂಗನಾಯಕರು ಒಂದರಿಂದ ಇನ್ನೊಂದಕ್ಕೆ ಓಡಾಡುತ್ತ ಹಬೆ ಎಳೆದುಕೊಳ್ಳುತ್ತಿದ್ದರು. ಒಂದು ತೊಟ್ಟನ್ನೂ ನಾಲಿಗೆಗೆ ಹಾಕಲಿಲ್ಲ, ಇನ್ನೊಬ್ಬರಿಗೂ ಕೊಡಲಿಲ್ಲ. ಹೊಗೆ ದಾನುವಿಗೆ ಆಗುವುದಿಲ್ಲವೆಂದು ನಾನು ಅವಳನ್ನೆತ್ತಿಕೊಂಡು ಮೆಟ್ಟಿಲ ಗೇಟಿನ ಬಳಿ ನಿಂತೆ. ಅಲ್ಲಿಂದ ಶಾಮಿಯಾನದ ಸಾಲುಗಳೆಲ್ಲ ಕಾಣುತ್ತಿದ್ದವು.

ಶೃತಿಯ ತಂದೆ ಕುಮಾರಸ್ವಾಮಿ ಕಾಡಂಚಿನಲ್ಲಿ ಅರಿಶಿನ ಬೆಳೆಯುವವರು. ಹೊಲಕ್ಕಿಳಿದ ಆನೆಯನ್ನೇ ಗದರಿಸಿ ಗದರಿಸಿ ದನಿ ತಗ್ಗಿಸುವುದು ಮರೆತುಹೋಗಿತ್ತು. ಅವರು ಬೀಗರ ಪಕ್ಕ ಕುಳಿತರು. ಮುದ್ದೆ ಬಂತು, ಸಾರು ಬಂತು. ಕುಮಾರಸ್ವಾಮಿ ತಮ್ಮ ಎಲೆಯಿಂದ ಒಂದು ದೊಡ್ಡ ತುಂಡು ಆರಿಸಿ ರಂಗನಾಯಕರ ಎಲೆಗೆ ಹಾಕಿದರು. ಮುನ್ನೂರು ಜನ ಕೈ ಮಡಿಲಲ್ಲಿಟ್ಟುಕೊಂಡು ಕಾದರು.

"ತಕ್ಕಳಿ ಬೀಗ್ರೆ. ಎಲ್ರೂ ಹಸ್ಕಂಡವ್ರೆ."

"ನಂಗೆ ಬ್ಯಾಡ ಬೀಗ್ರೆ."

"ಹರಕೆಯಾ?"

"ಇಲ್ಲ."

"ಸಕ್ಕರೆಯಾ?"

"ಊಹ್ಞೂಂ."

"ನಮ್ ಮ್ಯಾಲೆ ಏನಾರ ಬ್ಯಾಸರವಾ?"

"ನಿಮ್ ಮ್ಯಾಲೆ ಯಾಕೆ ಬ್ಯಾಸರ? ಬಾಡು ಬ್ಯಾಡ ಅನ್ನುಸ್ತು, ಬುಟ್ಟೆ. ಎಂಟು ತಿಂಗಳಾಯ್ತು."

ಕುಮಾರಸ್ವಾಮಿಯ ಮೀಸೆ ಅಲುಗಿತು. ಹಿಂದಿನ ಸಾಲಿನಲ್ಲಿ ಯಾರೋ, "ಮಾಡಿರವನೇ ತಿನ್ನಾಕಿಲ್ಲ ಅಂತಾವ್ನಲ್ಲ, ಸಾರಿಗೆ ಏನಾರ ಬಿದ್ದದಾ?" ಎಂದರು. ಆ ಮಾತು ಸಾಲಿನಿಂದ ಸಾಲಿಗೆ ಹೋಯಿತು. ಒಂದಿಬ್ಬರು ಎಲೆಯನ್ನು ಮುಂದಕ್ಕೆ ತಳ್ಳಿದರು. ಬಾಗಿಲ ಬಳಿ ನಿಂತಿದ್ದ ಶೃತಿ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಭಾಗ್ಯಮ್ಮ ಗೋಡೆಗೆ ಒರಗಿಬಿಟ್ಟರು.

ರಂಗನಾಯಕರು ಸೊಸೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಬೀಗರ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದರು:

"ಬೀಗ್ರೆ, ಇದು ನಮ್ ಮನೆ ಮರ್ಯಾದೆ, ನಂಗೂ ಗೊತ್ತು. ಬೆಳಿಗ್ಗಿಂದ ನಾನು ಇದರ ರುಚಿ ನೋಡಿಲ್ಲ, ಯಾರಿಗೂ ತೋರ್ಸಿಲ್ಲ. ನೀವೇ ಮೊದ್ಲು ಉಪ್ಪು ನೋಡಿ. ಒಂದೇ ಒಂದು ಕಲ್ಲು ಹೆಚ್ಚುಕಮ್ಮಿ ಆಗಿದ್ರೆ ಹೇಳಿ, ಈ ತುಂಡನ್ನ ನಿಮ್ ಮುಂದೇನೇ ತಿಂತೀನಿ. ನಾಳಿಂದ ದಿನಾಲೂ ತಿಂತೀನಿ."

"ನಾನು ಸುಳ್ಳು ಹೇಳಿದ್ರೆ?"

"ಅನ್ನದ ಮುಂದೆ ಕುಂತು ಹೇಳೋ ಹಂಗಿದ್ರೆ ಹೇಳಿ."

ಕುಮಾರಸ್ವಾಮಿ ಎರಡು ಬೆರಳಿನಲ್ಲಿ ಸಾರು ನೆಕ್ಕಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಮುದ್ದೆ ಮುರಿದು, ಅದ್ದಿ, ನುಂಗಿದರು. ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಹುಟ್ಟಿದಾಗಿನಿಂದ ಮಾಂಸ ಮುಟ್ಟದ ನಾನು, ಕುರಿ ಸಾರಿನ ಉಪ್ಪು ಸರಿಯಾಗಿರಲಪ್ಪಾ ಎಂದು ಮಾದಪ್ಪನಿಗೆ ಮೊರೆಯಿಟ್ಟೆ. ಅತ್ತೆಗೆ ಇದನ್ನು ಇವತ್ತಿಗೂ ಹೇಳಿಲ್ಲ.

ಕುಮಾರಸ್ವಾಮಿ ಅಗಿಯುತ್ತಲೇ ಇದ್ದರು. ಇನ್ನೊಂದು ತುಂಡು ಹೋಯಿತು. ಮೂಳೆ ಚೀಪುವ ಸದ್ದು ಕೇಳಿಸಿತು.

"ಏನಾರ ಹೇಳ್ಲಾ ಕುಮಾರಸ್ವಾಮಿ, ಜೀವ ಹೋಯ್ತದೆ!" ಎಂದು ಅವರ ಕಡೆಯ ಮುದುಕರೊಬ್ಬರು ಕೂಗಿದರು.

"ಥೂ!" ಎಂದರು ಕುಮಾರಸ್ವಾಮಿ. ಶಾಮಿಯಾನವೇ ಉಸಿರು ಹಿಡಿಯಿತು. "ಕಮ್ಮಿ ಅದೆ ಅನ್ನಾನ ಅಂತ ಆವಾಗಿಂದ ನೋಡ್ತಾವ್ನಿ ಕಣ್ಲಾ. ನಾಲಿಗೆ ಒಪ್ತಾ ಇಲ್ಲ. ಸರಿಯಾಗದೆ. ಉಣ್ರಲಾ!"

ಮುನ್ನೂರು ಕೈ ಒಟ್ಟಿಗೆ ಇಳಿದವು. ಭಾಗ್ಯಮ್ಮ ಗೋಡೆ ಬಿಟ್ಟು ಬಡಿಸಲು ಓಡಿದರು. ಶೃತಿ ಮಾವನ ಎಲೆಗೆ ತಾನೇ ಮೊಸರು ತಂದು ಹಾಕಿದಳು. ಆಗ ಕುಮಾರಸ್ವಾಮಿ ರಂಗನಾಯಕರ ಎಲೆಯಲ್ಲಿ ತಣ್ಣಗೆ ಕುಳಿತಿದ್ದ ಆ ದೊಡ್ಡ ತುಂಡನ್ನು ನೋಡಿದರು. ಕೈ ಚಾಚಿ ಎತ್ತಿ ತಮ್ಮ ಎಲೆಗೆ ಹಾಕಿಕೊಂಡರು. ಬಡಿಸುವವನು ಎರಡನೇ ಸಲ ಬಂದಾಗ, "ಬೀಗ್ರಿಗೂ ಹಾಕಪ್ಪ, ಧಾರಾಳವಾಗಿ" ಎಂದು ಹಾಕಿಸಿ, ಅದನ್ನೂ ಈ ಕಡೆಗೆ ದಾಟಿಸಿಕೊಂಡರು. ಊಟ ಮುಗಿಯುವ ಹೊತ್ತಿಗೆ ಅವರ ಎಲೆಯ ಬದಿಯಲ್ಲಿ ಮೂಳೆಯ ಗುಡ್ಡೆಯಾಗಿತ್ತು.

"ಬೀಗ ಅಂದ್ರೆ ಹಿಂಗಿರಬೇಕು ಕಣ್ಲಾ" ಎಂದು ಕೈ ತೊಳೆಯುವಾಗ ಊರಿಗೆಲ್ಲ ಕೇಳುವಂತೆ ಹೇಳಿದರು.

ಅಂದಿನಿಂದ ರಂಗನಾಯಕರನ್ನು ಯಾಕೆ ಬಿಟ್ಟೆ ಎಂದು ಯಾರೂ ಕೇಳುವುದಿಲ್ಲ. ಭಾಗ್ಯಮ್ಮ ಮೆಟ್ಟಿಲಲ್ಲಿ ಸಿಕ್ಕರೆ ನಗುತ್ತಾರೆ, ದಾನುವನ್ನು ಕೇಳದೆಯೇ ಎತ್ತಿಕೊಂಡು ಹೋಗುತ್ತಾರೆ. ಕಳೆದ ತಿಂಗಳು ಅವರ ನೆಂಟರ ಮನೆಯೊಂದರಲ್ಲಿ ಬಾಡೂಟವಿತ್ತು. ಎಲೆ ಹಾಕುವ ಮೊದಲೇ ರಂಗನಾಯಕರ ಎಡಗಡೆಯ ಜಾಗಕ್ಕೆ ಪುಟ್ಟಮಾದಮ್ಮ ಸೀರೆಯ ಸೆರಗು ಹರಡಿ ಕುಳಿತಿದ್ದರು. ಬಲಗಡೆಯ ಜಾಗದಲ್ಲಿ ಬಸ್ಸಿನ ಸೀಟಿಗೆ ಹಾಕಿದಂತೆ ಒಂದು ಕೆಂಪು ಟವೆಲ್ ಬಿದ್ದಿತ್ತು. ಪುಣಜನೂರಿನ ಬಸ್ಸು ತಡವಾಗಿತ್ತು. ಯಾರಾದರೂ ಕುಳಿತುಬಿಟ್ಟಾರೆಂದು ಕುಮಾರಸ್ವಾಮಿ ಐದು ನಿಮಿಷಕ್ಕೊಮ್ಮೆ ಫೋನ್ ಮಾಡುತ್ತಿದ್ದರು.