ಅಮೀರಸಾಬರ ಹನ್ನೆರಡು ಆರಿಗಳು

ಧಾರಾವಿಯ ಚರ್ಮದ ಗಲ್ಲಿಯ ಅಮೀರಸಾಬರು ಚೌಕಾಸಿಗೆ ಕೂತರೆಂದರೆ ಅಂಗಡಿಕಾರ ಬೆಳಿಗ್ಗೆ ಬೋಳಿಸಿದ ಗಡ್ಡ ಮತ್ತೆ ಬೆಳೆದು ಎದೆ ಮುಟ್ಟುತ್ತಿತ್ತು. ಬಾಂದ್ರಾದ ಒಬ್ಬ ಪಾತ್ರೆ ವ್ಯಾಪಾರಿ ಅವರೊಂದಿಗೆ ಒಂದು ಕುಕ್ಕರಿನ ದರ ಮಾತಾಡಿ ಮುಗಿಸುವಷ್ಟರಲ್ಲಿ ಅಂಗಡಿ ಮಗನ ಕೈಗೆ ಹೋಗಿ, ಆ ಮಗನಿಗೂ ತಲೆ ನರೆತಿತ್ತೆಂದು ಜನ ಹೇಳುತ್ತಾರೆ. ಅದು ಸ್ವಲ್ಪ ಹೆಚ್ಚಾಯಿತು. ನರೆತದ್ದು ಕಿವಿಯ ಪಕ್ಕದ ಕೂದಲು ಮಾತ್ರ.

ಸಿಂದಗಿ ಕಡೆಯಿಂದ ಹದಿನಾಲ್ಕನೆಯ ವಯಸ್ಸಿಗೆ ಮಾವನ ಬೆನ್ನು ಹಿಡಿದು ಬಂದವರು ಅವರು. ಈಗ ಅರವತ್ತರ ಹತ್ತಿರ. ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಕಾರ್ಖಾನೆಯಲ್ಲಿ ಕೂತು ಬೆಲ್ಟು, ಪಾಕೀಟು, ಹೆಗಲಚೀಲ ಹೊಲಿಯುತ್ತಾರೆ. ಹೊಲಿಗೆ ಹೊಟ್ಟೆಪಾಡಿಗೆ, ಚೌಕಾಸಿ ಜೀವದ ಖುಷಿಗೆ. ಗಲ್ಲಿಯಲ್ಲಿ ಯಾರು ಫ್ಯಾನು ಕೊಳ್ಳಲಿ, ಮಂಚ ಕೊಳ್ಳಲಿ, ಮುಂದೆ ಅಮೀರಸಾಬರು, ಹಿಂದೆ ದುಡ್ಡು ಕೊಡುವವರು. ಕೂಲಿ ಒಂದು ಕಟಿಂಗ್, ಅಂದರೆ ಅರ್ಧ ಲೋಟ ಚಹಾ. ಮಾತಾದ ದರದ ಮೇಲೆ ಒಂದು ಪೈಸೆ ಕೊಟ್ಟ ಮನುಷ್ಯ ಅವರಲ್ಲ ಎಂಬುದು, ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂಬುದಕ್ಕಿಂತ ಒಂದು ತೂಕ ಹೆಚ್ಚು ಖಾತ್ರಿಯಾದ ಮಾತಾಗಿತ್ತು.

ಬರುವ ಭಾನುವಾರ ಗುರುಬಾಯಿಯ ಸರದಿ. ಗಲ್ಲಿಯ ತುದಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುವ ಗುರುಬಾಯಿ, ಮನೆಯಲ್ಲೇ ಹಿಟ್ಟು ಬೀಸುವ ಕರೆಂಟಿನ ಗಿರಣಿಗಾಗಿ ನಾಲ್ಕು ವರ್ಷ ದುಡ್ಡು ಕೂಡಿಸಿದ್ದಳು. ಅಂಗಡಿಯವನು ಇಪ್ಪತ್ತಾರು ಸಾವಿರ ಅಂದಿದ್ದ. ಅವಳ ಹತ್ತಿರ ಇದ್ದದ್ದು ಇಪ್ಪತ್ತೆರಡು. ನಡುವಿನ ಆ ನಾಲ್ಕು ಸಾವಿರದ ಹಳ್ಳವನ್ನು ಅಮೀರಸಾಬರು ನಾಲಿಗೆಯಿಂದಲೇ ದಾಟಿಸುತ್ತಾರೆಂದು ಅವಳು ನೆಮ್ಮದಿಯಾಗಿದ್ದಳು.

ಅದಕ್ಕೂ ಒಂದು ತಿಂಗಳ ಮೊದಲೇ ಈ ಆರಿಯ ಕತೆ ಶುರುವಾಗಿತ್ತು.

ಆರಿ ಎಂದರೆ ಚರ್ಮಕ್ಕೆ ತೂತು ಹಾಕುವ ಮೊನೆ. ಜಪಾನಿನ ಒಂದು ಅಂಗಡಿಯ ಆರಿ ಎಮ್ಮೆಯ ತೊಗಲಿನಲ್ಲೂ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆಂದು ಅಮೀರಸಾಬರು ಮೊಬೈಲಿನ ವಿಡಿಯೋದಲ್ಲಿ ಕಂಡರು. ವಿಕ್ರೋಳಿಯ ಆಫೀಸಿನಲ್ಲಿ ಕೆಲಸ ಮಾಡುವ ಮಗಳು ಬುಷರಾ ತನ್ನ ಹೊಸ ಕ್ರೆಡಿಟ್ ಕಾರ್ಡು ಹಿಡಿದು ಆ ಅಂಗಡಿಯನ್ನು ಫೋನಿನಲ್ಲಿ ತೆರೆದಳು. ದರ ರೂಪಾಯಿಯಲ್ಲೇ ಇತ್ತು: ಒಂದಕ್ಕೆ ಆರುನೂರ ನಲವತ್ತು, ಕಳಿಸುವ ಖರ್ಚು ಪುಕ್ಕಟೆ. ಬೇಕಾದದ್ದು ಹನ್ನೆರಡು.

"ಅಬ್ಬಾ, ಸಬ್ ಒಂದೇ ಕಾರ್ಟ್‌ನಾಗ ಹಾಕೂಣು ನಾ. ಒಂದ ಸಲಕ್ಕ ಹೋ ಜಾಯೇಗಾ," ಎಂದಳು ಮಗಳು.

"ಹುಚ್ಚಿ! ಒಂದ ನಗ, ಒಂದ ರೊಕ್ಕ. ಗುರ್ತಿಲ್ಲದ ಸೇಠನ ಕೈಯಾಗ ಪೂರಾ ರೊಕ್ಕ ಇಟ್ರ ಅಂವ ನಾಳೆ ಒಂದು ಮೊಂಡ ಆರಿ ಕಳಿಸಿ, ಉಳದದ್ದೂ ಹಂಗ ಅಂತಾನ. ಬ್ಯಾರೆ ಬ್ಯಾರೆ ಸೌದಾ ಇದ್ರ ಒಂದರ ಜಗಳ ಇನ್ನೊಂದಕ್ಕ ಹತ್ತೂದಿಲ್ಲ."

ಇದು ಆ ಗಲ್ಲಿಯ ಹಳೆಯ ರಿವಾಜು. ಹೊಸ ವ್ಯಾಪಾರಿಯಿಂದ ನೂರು ತೊಗಲು ಕೊಂಡರೂ ನೂರು ಸಲ ಮುಟ್ಟಿ ನೋಡಿ, ನೂರು ಸಲ ದುಡ್ಡು ಎಣಿಸಿ ಕೊಡುವುದು. ಜಪಾನಿನವನ ಮಾಲನ್ನು ಮುಟ್ಟಿ ನೋಡುವುದಂತೂ ಆಗದು, ದುಡ್ಡನ್ನಾದರೂ ಬೇರೆ ಬೇರೆ ಕೊಡೋಣ ಎಂಬುದು ಅಮೀರಸಾಬರ ಲೆಕ್ಕ. ಬುಷರಾ ಹನ್ನೆರಡು ಸಲ ಆರ್ಡರ್ ಮಾಡಿದಳು, ಹನ್ನೆರಡು ಸಲ ಓಟಿಪಿ ಒತ್ತಿದಳು. ಕೊನೆಯದಕ್ಕೆ ಬರುವಾಗ ಅವಳ ಹೆಬ್ಬೆರಳು ಒಂದು ನೂಲಿನಷ್ಟು ಸವೆದು ಹೋಗಿ, ಫೋನು ಆ ಬೆರಳನ್ನು ಗುರುತು ಹಿಡಿಯಲಿಲ್ಲ.

ಆರಿಗಳು ಬಂದವು. ಹನ್ನೆರಡೂ ಬಂಗಾರದಂಥವು. ಜಗಳವಾಡಲು ಒಂದು ಮೊಂಡು ಮೊನೆಯೂ ಸಿಗದೆ ಅಮೀರಸಾಬರಿಗೆ ಸ್ವಲ್ಪ ಬೇಸರವೇ ಆಯಿತು.

ಗುರುಬಾಯಿಯ ಭಾನುವಾರಕ್ಕೆ ಮೂರು ದಿನ ಇರುವಾಗ, ಗುರುವಾರ, ಕಾರ್ಡಿನ ಬಿಲ್ಲು ಬಂತು. ಪ್ರತಿಯೊಂದು ಆರುನೂರ ನಲವತ್ತರ ಕೆಳಗೂ ಒಂದು ನೂರೈವತ್ತು, ಅದರ ಕೆಳಗೆ ಒಂದು ಇಪ್ಪತ್ತೇಳು, ಹನ್ನೆರಡು ಎಮ್ಮೆಗಳ ಹಿಂದೆ ಹನ್ನೆರಡು ಜೋಡಿ ಕರುಗಳಂತೆ ಸಾಲಾಗಿ ನಿಂತಿದ್ದವು. ಒಟ್ಟು ಎರಡು ಸಾವಿರದ ನೂರ ಇಪ್ಪತ್ನಾಲ್ಕು ರೂಪಾಯಿ ಹೆಚ್ಚಿಗೆ.

ಅಮೀರಸಾಬರು ನೀರು ಕೇಳಿದರು. ಹೆಂಡತಿ ಮಲಿಕಾ ನೀರು ಕೊಟ್ಟು, ಬಾಗಿಲು ಹಾಕಿ ಬಂದು ಪಿಸುಗುಟ್ಟಿದಳು: "ಗಲ್ಲ್ಯಾಗ ಯಾರಿಗೂ ಹೇಳಬ್ಯಾಡ್ರಿ. ಕೊಟ್ಟು ಸುಮ್ಮ ಕುಂತ್ರ ಯಾರಿಗೆ ಗೊತ್ತಾಗತೈತಿ?"

"ಕೊಡೂದ್ಯಾಕ? ಬ್ಯಾಂಕಿನವರೂ ಮನಷ್ಯಾರ ಅದಾರ. ಮಾತಾಡೂಣು."

ಶನಿವಾರ ಅಪ್ಪ ಮಗಳು ಬಾಂದ್ರಾದ ಬ್ಯಾಂಕಿಗೆ ಹೋದರು. ಅಲ್ಲಿ ಕಾರ್ಡಿನ ಮೇಜಿನ ಹಿಂದೆ ಕೂತಿದ್ದ ವಿನೋದಿನಿ ಎಂಬ ಅಧಿಕಾರಿ ಹುಬ್ಬಳ್ಳಿಯವಳೆಂದು ತಿಳಿದೊಡನೆ ಅಮೀರಸಾಬರು ಅರ್ಧ ಗೆದ್ದೆ ಎಂದುಕೊಂಡರು.

"ಕಾಕಾ, ನೀವು ಧಾರಾವ್ಯಾಗ ಕುಂತ ತಗೊಂಡ್ರೂ ಅಂಗಡಿ ಜಪಾನದಾಗ ಐತಿ. ರೂಪಾಯಿ ತೋರಿಸಿದ್ರೂ ಅದು ಫಾರಿನ್ ವ್ಯವಹಾರನ. ಈ ಕಾರ್ಡಿಗೆ ನೂರಕ್ಕ ಮೂರೂವರಿ, ಇಲ್ಲಾ ಒಂದ ಸಲಕ್ಕ ನೂರೈವತ್ತು, ಯಾವುದು ಜಾಸ್ತಿನೋ ಅದು. ಮ್ಯಾಲ ಜಿಎಸ್‌ಟಿ ಇಪ್ಪತ್ತೇಳು."

"ಜಿಎಸ್‌ಟಿ ಬಿಡವಾ, ಅದು ಸರಕಾರದ್ದು. ನಿಮ್ಮ ನೂರೈವತ್ತು ಮಾತಾಡು. ಎಂಬತ್ತು ಕೊಡ್ತೀನಿ."

"ಕಾಕಾ, ಇದೇನ ಕಾಯಿಪಲ್ಲೆ ಮಾರ್ಕೆಟ್ಟನ?"

"ಅಲ್ಲಂತನ ಎಂಬತ್ತು ಅಂದೆ. ಮಾರ್ಕೆಟ್ಟಿನ್ಯಾಗ ಇಪ್ಪತ್ತರಿಂದ ಸುರು ಮಾಡ್ತಿದ್ದೆ."

ಬುಷರಾ ಮುಖವನ್ನು ದುಪಟ್ಟಾದಲ್ಲಿ ಅಡಗಿಸಿದಳು. ವಿನೋದಿನಿ ನಕ್ಕಳು, ಆದರೆ ಇಳಿಯಲಿಲ್ಲ. ದರ ಅವಳ ಕೈಯಲ್ಲಿರಲಿಲ್ಲ, ಮ್ಯಾನೇಜರನ ಕೈಯಲ್ಲೂ ಇರಲಿಲ್ಲ, ಕಾರ್ಡು ಕೊಡುವಾಗಲೇ ಸಣ್ಣ ಅಕ್ಷರದಲ್ಲಿ ಅಚ್ಚಾಗಿ ಹೋಗಿತ್ತು. ಅಮೀರಸಾಬರ ಬಳಿ ಉಳಿದದ್ದು ಒಂದೇ ಅಸ್ತ್ರ: ಎದ್ದು ಹೋಗುವುದು. ನಲವತ್ತು ವರ್ಷದಲ್ಲಿ ಯಾವ ವ್ಯಾಪಾರಿಯೂ ಅವರಿಗೆ ಐದನೆಯ ಹೆಜ್ಜೆ ಇಡಲು ಬಿಟ್ಟಿರಲಿಲ್ಲ. "ಅರೆ ಚಾಚಾ, ಆವೋ ಆವೋ" ಎಂದು ಓಡಿ ಬಂದು ತೋಳು ಹಿಡಿಯುತ್ತಿದ್ದರು.

ಅವರು ಮೊಣಕಾಲು ತಟ್ಟಿ ಎದ್ದರು. ಒಂದು ಹೆಜ್ಜೆ. ಎರಡು. ಮೂರನೆಯದನ್ನು ಎಷ್ಟು ನಿಧಾನವಾಗಿ ಇಟ್ಟರೆಂದರೆ, ಅಷ್ಟರಲ್ಲಿ ಹೊರಗೆ ಎರಡು ಲೋಕಲ್ ರೈಲು ಬಂದು ಹೋದವು. ಐದು. ಆರು. ಬಾಗಿಲು ಬಂತು. ಸೆಕ್ಯುರಿಟಿಯವನು ಸೆಲ್ಯೂಟ್ ಹೊಡೆದು ಬಾಗಿಲನ್ನು ತಾನೇ ತೆರೆದ.

ಹೊರಗಿನ ಫುಟ್‌ಪಾತಿನಲ್ಲಿ ಅಮೀರಸಾಬರು ಹತ್ತು ನಿಮಿಷ, ಒಂದು ವೇಳೆ ಕರೆದರೆ ಕೇಳಲೆಂದು ಕಿವಿ ಹಿಂದಕ್ಕೆ ತಿರುಗಿಸಿ ನಿಂತರು. ಕೊನೆಗೆ ಬಂದವಳು ಬುಷರಾ.

"ಏನರೆ ಅಂದ್ರೇನು?"

"ಅಂದ್ರು. ಹನ್ನೆರಡೂ ಏಕ್ ಸಾಥ್ ತಗೊಂಡಿದ್ರ ಟ್ಯಾಕ್ಸ್ ಹಿಡದು ಚಾರ್ಜು ಮುನ್ನೂರ ಹದಿನೇಳು ಆಗ್ತಿತ್ತಂತ, ಅಬ್ಬಾ. ಬಸ್."

ಬ್ಯಾಂಕು ಸೋಲಿಸಿದ್ದರೆ ಅವರು ತಡೆದುಕೊಳ್ಳುತ್ತಿದ್ದರು. ಸೋಲಿಸಿದ್ದು ತಮ್ಮದೇ ಜಾಣತನ. ಮಗಳಿಗೆ ಎರಡು ಸಾವಿರದ ನೂರ ಇಪ್ಪತ್ನಾಲ್ಕನ್ನೂ ಅಲ್ಲೇ ಎಣಿಸಿ ಕೊಟ್ಟರು, ಒಂದೇ ಕಂತಿನಲ್ಲಿ.

ಆ ಸಂಜೆ ಗುರುಬಾಯಿಯ ಒಲೆಯ ಮುಂದೆ ಹೋಗಿ ನಿಂತರು. ಮಲಿಕಾ ಹೇಳಿದಂತೆ ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ನಾಳೆ ಬಿಚ್ಚುವುದು ಇವಳ ನಾಲ್ಕು ವರ್ಷದ ಗಂಟು.

"ಗುರುಬಾಯಿ, ನಾಳೆ ಗಿರಣಿಗೆ ಬ್ಯಾರೆ ಯಾರನ್ನರ ಕರಕೊಂಡು ಹೋಗವಾ." ಹಾಗೆಂದವರು ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿದರು: ಜಪಾನು, ನೂರೈವತ್ತು, ಸೆಲ್ಯೂಟು.

ಗುರುಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಕ್ಕಳು. ಎಷ್ಟು ನಕ್ಕಳೆಂದರೆ ಹೆಂಚಿನ ಮೇಲಿದ್ದ ರೊಟ್ಟಿ ಸೀದು, ಹೊಗೆ ಎದ್ದು, ಮಾಹೀಮದ ಬೆಂಕಿ ದಳದವರು ಒಂದು ಕಾಲಿಗೆ ಬೂಟು ಹಾಕಿಕೊಂಡುಬಿಟ್ಟಿದ್ದರು.

"ಅಂದ್ರ ನೀನೂ ಮಂದಿಯಂಗ ಒಬ್ಬ ಮನಷ್ಯಾ ಇದ್ದಿ, ಅಣ್ಣಾ! ಖರೆ ಹೇಳ್ಲೇನು? ಕುಕ್ಕರ್ ನಿನ್ನ ಕೂಡ ಹೋಗಿ ತಂದಾಗ ದರಾ ನೂರು ಇಳೀತು, ಮನಿಗೆ ಬಂದು ನೋಡಿದ್ರ ಸೀಟಿ ಬ್ಯಾರೆ ರೊಕ್ಕಾ, ರಬ್ಬರ್ ಬ್ಯಾರೆ ರೊಕ್ಕಾ. ನೀ ದರಾ ಇಳಿಸಿದ ಖುಷಿಯೊಳಗ ಇದ್ದಿ, ನಾ ಹೇಳಲಿಲ್ಲ."

ಅಮೀರಸಾಬರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಅವತ್ತ ಹೇಳಬೇಕಿಲ್ಲೇನು?"

"ಈಗ ನಿನಗ ಪೆಟ್ಟು ಹತ್ತೇತಿ. ಪೆಟ್ಟು ತಿಂದಾವನ ನನಗ ಬೇಕು. ಮುಂಜಾನೆ ಹತ್ತಕ್ಕ ತಯಾರಿರು."

ಭಾನುವಾರ ಗಿರಣಿಯ ಅಂಗಡಿಯಲ್ಲಿ ಅಮೀರಸಾಬರು ಇಪ್ಪತ್ತಾರರಿಂದ ಇಪ್ಪತ್ತೆರಡಕ್ಕೆ ಕೇವಲ ಎರಡು ತಾಸಿನಲ್ಲಿ ಇಳಿಸಿದರು. ಅವರ ಲೆಕ್ಕದಲ್ಲಿ ಅದು ಕಣ್ಣು ಮಿಟುಕಿಸಿದಷ್ಟು. ಎಂದಿನಂತೆ ಕೈ ಕುಲುಕುವ ಬದಲು ಅವರು ಕೈ ಹಿಂದಕ್ಕೆ ಕಟ್ಟಿಕೊಂಡು, ಈ ದರದ ಮೇಲೆ ಇನ್ನೇನೇನಿದೆ ಎಂದು ಕೇಳಿದರು:

"ಸೇಠ್, ಇಸ್ ಕೇ ಊಪರ್ ಔರ್ ಕ್ಯಾ ಕ್ಯಾ ಹೈ?"

ಸೇಠನ ಎಡಗಣ್ಣು ಅದುರಿತು. ಮನೆಗೆ ಸಾಗಿಸಲು ಆರುನೂರು, ಕೂರಿಸಲು ನಾನೂರು, ಜರಡಿಗೆ ಮುನ್ನೂರು, ಕಾರ್ಡು ಉಜ್ಜಿದರೆ ನೂರಕ್ಕೆ ಎರಡು ಎಂದು ಒಂದೊಂದೇ ಹೊರಬಂದವು. ಅಮೀರಸಾಬರು ಸ್ಟೂಲು ಎಳೆದುಕೊಂಡು ಮತ್ತೆ ಕೂತರು.

"ಗುರುಬಾಯಿ, ಚಹಾ ಹೇಳವಾ. ಇನ್ನ ಮ್ಯಾಲ ಐತಿ ಮಾತು."

ಸೇಠ್ ಗಡಿಯಾರ ನೋಡಿ, ಮಗನಿಗೆ ಫೋನು ಮಾಡಿ ಊಟದ ಡಬ್ಬಿ ಅಂಗಡಿಗೇ ತರಲು ಹೇಳಿದ. ಸಂಜೆ ಟೆಂಪೋದಲ್ಲಿ ಗಿರಣಿ ಧಾರಾವಿಗೆ ಬಂದಾಗ ಜರಡಿ ಅದರ ಒಳಗೇ ಇತ್ತು. ಗುರುಬಾಯಿ ಕೊಟ್ಟದ್ದು ಇಪ್ಪತ್ತೆರಡು ಸಾವಿರ, ಮೇಲೆ ಸೊನ್ನೆ. ಮೊದಲ ಸಲಕ್ಕೆ ಎರಡು ಸೇರು ಜೋಳ ಸುರಿದು ಗುಂಡಿ ಒತ್ತಿದಳು. ಹಿಟ್ಟು ಹಾರಿ ಅಮೀರಸಾಬರ ಗಡ್ಡ ಪೂರಾ ಬೆಳ್ಳಗಾಯಿತು, ಅವರು ಒರೆಸಿಕೊಳ್ಳಲಿಲ್ಲ.